ಉದ್ದವ್ವನ ಮುಯ್ಯಾಳು

ಡೆನ್ಮಾರ್ಕ್ ಎಂಬ ದೇಶದಿಂದ ಕಾಲೇಜು ಹುಡುಗಿಯೊಬ್ಬಳು ಬರುತ್ತಾಳೆ, ಹತ್ತರಗಿಯಿಂದ ಒಳಕ್ಕಿರುವ ಒಂದು ಹಳ್ಳಿಗೆ ರಸ್ತೆಯಾಗುವಲ್ಲಿ ಕಲ್ಲು ಹೊರುತ್ತಾಳೆ, ಪಗಾರ ಮುಟ್ಟುವುದಿಲ್ಲ, ಊರವರ ಮನೆಯಲ್ಲೇ ಉಂಡು ಮಲಗುತ್ತಾಳೆ ಎಂದು ಕಚೇರಿಯ ಸಾಹೇಬರು ಹೇಳಿದಾಗ, ಕಾರಕೂನ ಮಾಳಪ್ಪ ಅದನ್ನು ಶಿಕ್ಷೆ ಎಂದೇ ತಿಳಿದ. ಬೆಳಗಾವಿಯಲ್ಲಿ ಕೈದಿಗಳು ಕಲ್ಲು ಒಡೆಯುವುದನ್ನು ಅವನು ನೋಡಿದ್ದ. ಕೂಲಿಯಿಲ್ಲದೆ ಕಲ್ಲು ಹೊರಲು ಬೇರೆ ಕಾರಣ ಇರಬಹುದೆಂದು ಅವನಿಗೆ ಹೊಳೆಯಲಿಲ್ಲ. ಆ ದೇಶದ ಜೈಲುಗಳು ಭರ್ತಿಯಾಗಿ ಉಳಿದವರನ್ನು ಹೊರಗೆ ಕಳಿಸುತ್ತಿರಬೇಕು ಎಂಬ ವಿವರಣೆಯನ್ನೂ ತಾನೇ ಹೊಂದಿಸಿಕೊಂಡ. ಸಾಹೇಬರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ತನಗೆ ಗೊತ್ತಿಲ್ಲವೆಂದು ಗೊತ್ತಾಗುತ್ತದೆ.

ಅದು ಐವತ್ತೊಂಬತ್ತರ ಮಳೆಗಾಲ. ಮಳೆಗಾಲದಲ್ಲಿ ಯಾರೂ ರಸ್ತೆ ಮಾಡುವುದಿಲ್ಲ, ಆದರೆ ಆ ದೇಶದ ಕಾಲೇಜುಗಳಿಗೆ ಸೂಟಿ ಬೀಳುವುದು ಆಗಲೇ. ಮಾಳಪ್ಪ ಹುಕ್ಕೇರಿಯ ಸರಕಾರಿ ಕಚೇರಿಯೊಂದರಲ್ಲಿ ಹಂಗಾಮಿ ನೌಕರ. ಎರಡನೆಯ ಸಲಕ್ಕಾದರೂ ಮ್ಯಾಟ್ರಿಕ್ಕಿನ ಇಂಗ್ಲಿಷ್ ದಾಟಿದವನು ಅಲ್ಲಿ ಅವನೊಬ್ಬನೇ ಆದ್ದರಿಂದ ದುಭಾಷಿಯ ಕೆಲಸ ಅವನ ಕೊರಳಿಗೆ ಬಿತ್ತು. ಹುಡುಗಿಗೆ ಮನೆ ಹುಡುಕುವ ಕೆಲಸವೂ ಅದರ ಹಿಂದೆಯೇ ಬಂತು.

ಊರಲ್ಲಿ ಅವನು ಪ್ರಾಮಾಣಿಕವಾಗಿ ನಡೆದುಕೊಂಡ. ಬರುವವಳು ಕೈದಿ, ಆದರೆ ಸಾಧು ಸ್ವಭಾವದವಳಿರಬಹುದು ಎಂದು ಎಲ್ಲ ಮನೆಗಳಲ್ಲೂ ಮೊದಲೇ ತಿಳಿಸಿದ. ಗೌಡರ ಹೆಂಡತಿ ಪಾರವ್ವನಿಗೆ ಒಮ್ಮೆಲೇ ತನ್ನ ಮನೆಯ ಮಾಳಿಗೆ ಸೋರುವುದು ನೆನಪಾಯಿತು. ಕಿರಾಣಿ ಅಂಗಡಿಯ ಗುರುಲಿಂಗಪ್ಪನ ಮನೆಗೆ ಬೀಗರು ಬರುವವರಿದ್ದರು. ಸಂಜೆಯ ಹೊತ್ತಿಗೆ ಊರು ಮುಗಿದು, ಊರ ಹೊರಗಿನ ಕೇರಿ ಉಳಿಯಿತು. ಮೊದಲನೆಯ ಮನೆಯ ಕಟ್ಟೆಯ ಮೇಲೆ ಉದ್ದವ್ವ ಬೀಜದ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಮಾಳಪ್ಪ ದೂರದಲ್ಲೇ ನಿಂತು ಸಂಗತಿ ಹೇಳಿದ.

“ಕೊಲಿ ಗಿಲಿ ಮಾಡ್ಯಾಳೇನು?” ಎಂದು ಉದ್ದವ್ವ ಕೇಳಿದಳು.

“ಅದೇನ ಹೇಳಿಲ್ಲಬೇ. ಪಗಾರ ಇಲ್ಲದ ದುಡೀತಾಳ ಅಂದಾರ, ಅಷ್ಟ.”

“ಪಗಾರ ಇಲ್ಲದ ದುಡದವ್ರೆಲ್ಲಾ ಕಳ್ಳರಾದ್ರ ಈ ಕೇರಿ ಕೇರಿನ ಜೇಲಿನ್ಯಾಗ ಇರಬೇಕಿತ್ತು, ತಮ್ಮಾ. ಕರಕೊಂಡ ಬಾ.”

ಈ ಮಾತು ಆಕೆಯ ಬಾಯಲ್ಲಿ ಸುಮ್ಮನೆ ಬಂದದ್ದಲ್ಲ. ಉದ್ದವ್ವ ಮೂಡಲಗಿ ಕಡೆಯಿಂದ ಲಗ್ನವಾಗಿ ಬಂದವಳು. ಬಂದ ಮನೆಯವರದು ಬಿಟ್ಟಿ ಚಾಕರಿ. ಸಾಹೇಬರು ಬಂದರೆ ಅವರ ಹಾಸಿಗೆಯ ಗಂಟು ಹೊರಬೇಕು, ಕುದುರೆಗೆ ಹುಲ್ಲು ತರಬೇಕು, ಗೌಡರ ಮನೆಯ ಕಟ್ಟಿಗೆ ಒಡೆಯಬೇಕು, ಕೂಲಿ ಮಾತ್ರ ಕೇಳಬಾರದು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಆಕೆಯ ಗಂಡ ಮಾಯಪ್ಪ, ಒಬ್ಬ ಸಾಹೇಬರ ಗಂಟನ್ನು ನಡುದಾರಿಯಲ್ಲಿ ಇಳಿಸಿ, ಇನ್ನು ಹೊರುವುದಿಲ್ಲ ಎಂದುಬಿಟ್ಟ. ಸಾಹೇಬರು ಅದೇ ಗಂಟಿನ ಮೇಲೆ ಕುಳಿತು ಇನ್ನೊಬ್ಬನಿಗಾಗಿ ಕಾದರಂತೆ. ಅಂದಿನಿಂದ ಊರಲ್ಲಿ ಗಂಡಹೆಂಡಿರನ್ನು ಕೂಲಿಗೂ ಯಾರೂ ಕರೆಯಲಿಲ್ಲ. ಇಬ್ಬರೂ ಗೋಕಾಕಕ್ಕೆ ಹೋಗಿ ಗಿರಣಿಯಲ್ಲಿ ದುಡಿದು, ತಿರುಗಿ ಬಂದು, ಯಾರಿಗೂ ಬೇಡವಾಗಿದ್ದ ಒಂದು ತುಂಡು ಮಡ್ಡಿ ಹೊಲ ಕೊಂಡರು. ಮಾಯಪ್ಪ ತೀರಿಕೊಂಡ. ಹೊಲ ಉಳಿಯಿತು, ಅದರ ಜೊತೆಗೆ ಮನೆಯ ಕಟ್ಟಳೆಯೊಂದೂ ಉಳಿಯಿತು. ಬಿಟ್ಟಿ ದುಡಿಯುವುದಿಲ್ಲ, ಬಿಟ್ಟಿ ದುಡಿಸಿಕೊಳ್ಳುವುದೂ ಇಲ್ಲ. ಕೆಲಸಕ್ಕೆ ಕೂಲಿ, ಇಲ್ಲವೆ ಮುಯ್ಯಿ. ಇಂದು ನೀನು ನನ್ನ ಹೊಲಕ್ಕೆ ಬಂದರೆ, ನಾಳೆ ನಾನು ನಿನ್ನ ಹೊಲಕ್ಕೆ ಬಂದು ಅಷ್ಟೇ ದುಡಿದು ತೀರಿಸಬೇಕು. ಮುಯ್ಯಿ ತೀರಿಸದವಳ ಹೊಲಕ್ಕೆ ಮರುವರ್ಷ ಯಾರೂ ಕಾಲಿಡುವುದಿಲ್ಲ.

ಹುಡುಗಿ ಬಂದಳು. ಹೆಸರು ಇಂಗರ್. ಬಾಗಿಲಿಗಿಂತ ಒಂದು ಗೇಣು ಎತ್ತರ ಇದ್ದುದರಿಂದ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಹಣೆ ಬಡಿಸಿಕೊಳ್ಳುತ್ತಿದ್ದಳು. ಬಾಜೂ ಮನೆಯ ಕೆಂಪವ್ವ ಆ ಹೆಸರನ್ನು ಎರಡು ಸಲ ಹೇಳಿ ನೋಡಿ, ಬೇಸತ್ತು, ಇಂದ್ರವ್ವ ಎಂದು ಕರೆದಳು. ಇಡೀ ಕೇರಿ ಅದನ್ನೇ ಹಿಡಿಯಿತು. ಆಕೆ ಕೈದಿಯಲ್ಲ, ತನ್ನ ಖುಷಿಯಿಂದಲೇ ಬಂದವಳು ಎಂದು ಮಾಳಪ್ಪನಿಗೆ ಆ ವಾರದಲ್ಲಿ ತಿಳಿಯಿತು. ಇದು ಅವನಿಗೆ ಮೊದಲಿನದಕ್ಕಿಂತ ಹೆಚ್ಚು ಗಾಬರಿಯ ವಿಷಯವೆನಿಸಿತು.

ಇಂದ್ರವ್ವ ಉದ್ದವ್ವನ ಒಲೆಯ ಮುಂದೆ ಕುಳಿತು ರೊಟ್ಟಿ ತಿನ್ನುವಾಗ, ಮಾಳಪ್ಪ ಅಂಗಳದಲ್ಲಿ ಛತ್ರಿ ಹಿಡಿದು ನಿಂತು ಇಬ್ಬರ ಮಾತನ್ನೂ ಆಚೀಚೆ ಸಾಗಿಸುತ್ತಿದ್ದ. ಒಳಗೆ ಬಾ ಎಂದರೆ, ಹೊರಗೆ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದ. ಆ ಗಾಳಿಯಲ್ಲಿ ಮಳೆಯೂ ಇತ್ತು. ಕೇರಿಯ ಮನೆಯೊಳಗೆ ಕಾಲಿಟ್ಟರೆ ತನ್ನ ಅವ್ವ ಏನೆಂದಾಳು ಎಂಬ ಅಂಜಿಕೆ ಉದ್ದವ್ವನಿಗೆ ಗೊತ್ತಾಗುವುದಿಲ್ಲವೆಂದು ಅವನು ತಿಳಿದಿದ್ದ. ಆಕೆ ಅವನಿಗೆ ಒಂದು ಗೋಣಿತಟ್ಟು ಎಸೆದು, ನಿನ್ನ ಗಾಳಿಯನ್ನು ಹೊದ್ದುಕೊ ಎಂದಳು.

ಮಳೆ ಜಾಸ್ತಿಯಾಗಿ ಕಲ್ಲಿನ ಬಂಡಿಗಳು ಎರೆಮಣ್ಣಿನಲ್ಲಿ ಹೂತು ನಿಂತವು. ರಸ್ತೆ ಕೆಲಸ ಬಂದ್ ಆಯಿತು. ಸುಮ್ಮನೆ ಕೂತು ಗೊತ್ತಿಲ್ಲದ ಇಂದ್ರವ್ವ, ಉದ್ದವ್ವನ ಹಿಂದೆ ಹೊಲಕ್ಕೆ ಹೋಗಿ ಕಸ ತೆಗೆಯಲು ಕುಳಿತಳು. ಮೊದಲ ಸಾಲಿನಲ್ಲಿ ಕಸದ ಜೊತೆ ಶೇಂಗಾವನ್ನೂ ಕಿತ್ತಳು. ಆಟವೆಂದುಕೊಂಡು ಉದ್ದವ್ವ ಸುಮ್ಮನಿದ್ದಳು. ಆದರೆ ಹುಡುಗಿ ಹೊತ್ತು ಮುಳುಗುವ ತನಕ ಏಳಲಿಲ್ಲ, ಮರುದಿನ ಮತ್ತೆ ಬಂದಳು, ಬಂಡಿಗಳು ಮೇಲೇಳುವವರೆಗೂ ಬಂದಳು. ಹೊಲ ಶುದ್ಧವಾಯಿತು. ಉದ್ದವ್ವನ ಮುಖ ಬಾಡಿತು.

“ಈಕಿ ಮುಯ್ಯಿ ನನ್ನ ಮ್ಯಾಲೆ ಕುಂತತಿ,” ಎಂದಳು ಮಾಳಪ್ಪನಿಗೆ. “ಶ್ರಾವಣ ಮುಗದರ ಹೊಂಟ ಹೋಗ್ತಾಳ. ಯಾವಾಗ ತೀರಿಸ್ಲಿ? ಕೇಳ.”

ಮುಯ್ಯಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಮಾಳಪ್ಪನಿಗೆ ತಿಳಿಯದು. ಉದ್ದವ್ವ ನಿನ್ನ ಮೈಯನ್ನು ಸಾಲ ತೆಗೆದುಕೊಂಡಿದ್ದಾಳೆ, ಈಗ ತನ್ನ ಮೈಯನ್ನು ಕೊಡಬೇಕೆಂದಿದ್ದಾಳೆ ಎಂದು ಹೇಳಿದ. ಇಂದ್ರವ್ವ ಎದ್ದು ನಿಂತಳು. ಕೈಸನ್ನೆ, ಕಸ ತೆಗೆಯುವ ಕುರುಪಿ, ಎರಡು ಬೆಣಚುಕಲ್ಲು ಎಲ್ಲವನ್ನೂ ಬಳಸಿ ಅವನು ಬಿಡಿಸಿ ಹೇಳುವಷ್ಟರಲ್ಲಿ ಬೆವರಿದ್ದ. ಅರ್ಥವಾದ ಮೇಲೆ ಹುಡುಗಿ ನಕ್ಕು, ಏನೂ ತಿರುಗಿ ಕೊಡಬೇಕಾಗಿಲ್ಲ, ಸುಮ್ಮನೆ ಕೊಟ್ಟದ್ದು ಎಂದಳು. ಮಾಳಪ್ಪ ಅದನ್ನು ದಾನ ಎಂದು ಅನುವಾದಿಸಿದ.

“ದಾನಾ ತಗೊಳ್ಳಾಕ ನಾ ಏನ ಗುಡಿ ಮುಂದ ಕುಂತೇನಿ?” ಎಂದಳು ಉದ್ದವ್ವ.

ಹಾಗಾದರೆ ಇಷ್ಟು ದಿನ ಉಂಡ ರೊಟ್ಟಿಯನ್ನು ಅದಕ್ಕೆ ವಜಾ ಹಾಕೋಣ ಎಂದು ಮಾಳಪ್ಪ ಸ್ವಂತ ಬುದ್ಧಿಯಿಂದ ಸೂಚಿಸಿದ. ಮುಯ್ಯಾಳಿಗೆ ರೊಟ್ಟಿ ಹಾಕುವುದು ರೀತಿ, ಅದನ್ನು ಲೆಕ್ಕಕ್ಕೆ ಹಿಡಿಯುವುದು ಗೌಡರ ರೀತಿ ಎಂಬ ಉತ್ತರ ಬಂತು. ಆಮೇಲೆ ಉದ್ದವ್ವ, ಹುಡುಗಿಯ ತಾಯಿಗೆ ಹೊಲ ಇದೆಯೇ ಎಂದು ವಿಚಾರಿಸಿದಳು. ಇದೆ, ಅದರಲ್ಲಿ ಗೆಡ್ಡೆ ಬೆಳೆಯುತ್ತಾರೆ, ಆ ಗೆಡ್ಡೆಯಿಂದ ಸಕ್ಕರೆ ಮಾಡುತ್ತಾರೆ. ಗೆಡ್ಡೆಯಿಂದ ಸಕ್ಕರೆ ಎಂಬುದನ್ನು ಉದ್ದವ್ವ ನಂಬಲಿಲ್ಲ, ಆದರೆ ಕಸ ಎಲ್ಲ ಕಡೆಯೂ ಕಸವೇ. ಅಲ್ಲಿಗೆ ಹೋಗಲು ಎಷ್ಟು ದಿನ ಬೇಕು, ಕಸ ತೆಗೆಯುವುದು ಯಾವ ತಿಂಗಳಲ್ಲಿ ಎಂದು ಕೇಳಿದಳು. ಮಾಳಪ್ಪನಿಗೆ ನಗು ತಡೆಯಲಾಗಲಿಲ್ಲ.

“ಆಕಿ ಅಲ್ಲಿಂದ ಇಲ್ಲಿಗೆ ಬಂದಾಗ ನಗಲಿಲ್ಲ ನೀ,” ಎಂದಳು ಉದ್ದವ್ವ. “ನಾ ಹೋಗತೇನಂದ್ರ ನಗಿ ಬರತೈತೇನ?”

ಮಾಳಪ್ಪ ನಗುವುದನ್ನು ನಿಲ್ಲಿಸಿ, ಬೊಂಬಾಯಿಯಿಂದ ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತದೆ ಎಂದು ಗಂಭೀರವಾಗಿ ತಿಳಿಸಿದ. ಹೊಲವನ್ನು ಅಷ್ಟು ದಿನ ಬಿಟ್ಟಿರಲಾಗದು ಎಂದು ಉದ್ದವ್ವ ಅಷ್ಟೇ ಗಂಭೀರವಾಗಿ ಆ ಯೋಚನೆಯನ್ನು ಕೈಬಿಟ್ಟಳು. ಆದರೆ ನಿದ್ದೆಗೆಟ್ಟಳು. ತನಗೆ ಬರಬೇಕಾದ ಮುಯ್ಯಿಯಲ್ಲಿ ಒಂದಿಷ್ಟನ್ನು ಕೆಂಪವ್ವನ ಹೊಲದಲ್ಲಿ ತೀರಿಸು ಎಂದು ಇಂದ್ರವ್ವ ಒಮ್ಮೆ ಹೇಳಿ ನೋಡಿದಳು. ಕೆಂಪವ್ವ ಒಪ್ಪಲಿಲ್ಲ. ಆಮೇಲೆ ಡೆನ್ಮಾರ್ಕಿನ ಋಣ ತನ್ನ ಕೊರಳಿಗೆ ಬೀಳುತ್ತದೆ ಎಂಬುದು ಆಕೆಯ ವಾದ.

ರಸ್ತೆ ಕೆಲಸ ಮತ್ತೆ ಸುರುವಾದ ಮೇಲೆ ಒಂದು ದಿನ ಉದ್ದವ್ವ ದಾರಿಗೆ ಬಂದು ನಿಂತು, ಇದರಲ್ಲಿ ಹುಡುಗಿಯ ಪಾಲು ಯಾವುದು ಎಂದು ಕೇಳಿದಳು. ಹಳ್ಳದಿಂದ ಬೇವಿನ ಗಿಡದ ತನಕ ಆಕೆಗೆ ವಹಿಸಿದ್ದಾರೆ ಎಂದು ಮಾಳಪ್ಪ ತೋರಿಸಿದ. ಹಾಗಾದರೆ ಅದು ಆಕೆಯ ಹೊಲ, ನನ್ನ ಮುಯ್ಯಿಯನ್ನು ಇಲ್ಲೇ ತೀರಿಸುತ್ತೇನೆ ಎಂದಳು. ಆದರೆ ರಸ್ತೆ ಸರಕಾರದ್ದು. ಸರಕಾರದ ರಸ್ತೆಗೆ ಕೂಲಿಯಿಲ್ಲದೆ ಕಲ್ಲು ಸುರುವಿದರೆ ಅದು ಮಾಯಪ್ಪ ನಡುದಾರಿಯಲ್ಲಿ ಇಳಿಸಿ ಬಂದ ಬಿಟ್ಟಿಯೇ. ಇದಕ್ಕೂ ಆಕೆ ದಾರಿ ಹುಡುಕಿದ್ದಳು. ಬುಟ್ಟಿಯನ್ನು ತಾನು ತುಂಬಿ ಹೊತ್ತು ತಂದು ಇಂದ್ರವ್ವನ ಕೈಗೆ ಕೊಡುವುದು, ಇಂದ್ರವ್ವ ಅದನ್ನು ರಸ್ತೆಗೆ ಸುರುವುವುದು. ತನ್ನ ಕೈಯಿಂದ ಒಂದು ಹರಳೂ ರಸ್ತೆಗೆ ಬೀಳಬಾರದು. ದಾರಿಯಲ್ಲಿ ಉದುರಿದ ಕಲ್ಲನ್ನೂ ತಿರುಗಿ ಎತ್ತಿ ಬುಟ್ಟಿಗೆ ಹಾಕಿ ಒಯ್ದು ಕೊಡುತ್ತಿದ್ದಳು. ಕೆಲಸ ಇದರಿಂದ ನಿಧಾನವಾಯಿತು. ಇಂದ್ರವ್ವ ಮಾತ್ರ ಒಂದು ಸಲವೂ ಬೇಡವೆನ್ನಲಿಲ್ಲ. ಮುಯ್ಯಿ ತೀರಿಸದೆ ಉದ್ದವ್ವನಿಗೆ ನಿದ್ದೆ ಹತ್ತುವುದಿಲ್ಲವೆಂದು ಆಕೆಗೆ ಅಷ್ಟರಲ್ಲಿ ತಿಳಿದಂತಿತ್ತು.

ಮಾಳಪ್ಪ ಮಾಡಿದ ತಪ್ಪೆಂದರೆ ಇದನ್ನು ಕಚೇರಿಯಲ್ಲಿ ಒಂದು ತಮಾಷೆಯಾಗಿ ಹೇಳಿದ್ದು. ತಮಾಷೆಯು ಕಚೇರಿಯಿಂದ ಕಚೇರಿಗೆ ಏರುತ್ತ ಹೋಗಿ, ಕೇರಿಯ ವಿಧವೆಯ ಶ್ರಮದಾನ ಎಂದಾಯಿತು. ಬೆಳಗಾವಿಯಿಂದ ದೊಡ್ಡ ಸಾಹೇಬರು ಹಾರ ತೆಗೆದುಕೊಂಡು ನೋಡಲು ಬಂದರು.

ಅದು ಉದ್ದವ್ವನ ಮುಯ್ಯಿಯ ಕೊನೆಯ ದಿನ. ಆಕೆ ಕಲ್ಲಿನ ಬುಟ್ಟಿ ಹೊತ್ತು ಬರುವ ಹೊತ್ತಿಗೆ ಇಂದ್ರವ್ವನಿಗೆ ಹಾರ ಹಾಕಿ ಸಾಹೇಬರ ಪಕ್ಕ ನಿಲ್ಲಿಸಿದ್ದರು. ಭಾಷಣ ಸುರುವಾಗಿತ್ತು. ಉದ್ದವ್ವ ಬುಟ್ಟಿಯನ್ನು ತಲೆಯ ಮೇಲೆ ಹೊತ್ತೇ ನಿಂತಳು. ಭಾಷಣ ಸಣ್ಣದಿರಲಿಲ್ಲ. ತ್ಯಾಗ ಮುಗಿದು ಸೇವೆ ಬಂತು. ಸೇವೆಯ ನಡುವೆ ಸಾಹೇಬರ ಕಣ್ಣು ಆಕೆಯ ಮೇಲೆ ಬಿದ್ದು, ಅಲ್ಲೇ ರಸ್ತೆಯ ಮೇಲೆ ಸುರುವಿಬಿಡವ್ವಾ ಎಂದರು. ಆಕೆ ಅಲುಗಾಡಲಿಲ್ಲ. ಗೌಡರು ಹೇಳಿದರು, ಹುಕ್ಕೇರಿಯ ಸಾಹೇಬರು ಹೇಳಿದರು. ಆಮೇಲೆ ಅವರೆಲ್ಲ ಮಾಳಪ್ಪನ ಕಡೆ ನೋಡಿದರು. ಅವನು ತನ್ನ ಹಂಗಾಮಿ ನೌಕರಿಯನ್ನು ನೆನೆದು ಆಕಾಶ ನೋಡಿದ.

ಅಷ್ಟರಲ್ಲಿ ಇಂದ್ರವ್ವ ಹಾರವನ್ನು ಕೊರಳಿನಿಂದ ತೆಗೆದು ಸಾಹೇಬರ ಕೈಗೇ ಕೊಟ್ಟು, ಮುಂದೆ ಬಂದು, ಉದ್ದವ್ವನ ತಲೆಯಿಂದ ಬುಟ್ಟಿ ಇಳಿಸಿಕೊಂಡು ರಸ್ತೆಗೆ ಸುರುವಿದಳು. ಉದ್ದವ್ವ ಸಿಂಬೆ ತೆಗೆದು ಝಾಡಿಸಿ, ಆಗಿತವ್ವಾ, ಇನ್ನ ನಿಂದು ನಂದು ಏನೂ ಇಲ್ಲ ಎಂದಳು. ಹುಡುಗಿ ಇದನ್ನು ಅನುವಾದವಿಲ್ಲದೆ ತಲೆದೂಗಿ ಒಪ್ಪಿದಳು.

ಸಾಹೇಬರು ಕೈಯಲ್ಲಿ ಹಾರ ಹಿಡಿದು ನಿಂತಿದ್ದರು. ಏನಾಯಿತೆಂದು ಅವರಿಗೆ ಪೂರ್ತಿ ತಿಳಿಯದಿದ್ದರೂ ಅವಮಾನವಾದದ್ದು ತಿಳಿದಿತ್ತು.

“ಅಲ್ಲಬೇ,” ಎಂದರು, ಎಲ್ಲರಿಗೂ ಕೇಳುವಂತೆ, “ಅಷ್ಟ ದೂರದಿಂದ ಬಂದ ಹುಡುಗಿ ನಿಮ್ಮೂರ ದಾರಿಗೆ ಪುಕ್ಕಟೆ ದುಡೀತಾಳ. ನಿಮ್ಮ ಕೇರಿ ಮಂದಿಗೆ ನಾಕ ದಿನಾ ಪುಕ್ಕಟೆ ದುಡಿಯಾಕ ಏನ ಧಾಡಿ?”

ಏನು ಕೇಳಿದರು ಎಂದು ಇಂದ್ರವ್ವ ಮಾಳಪ್ಪನ ತೋಳು ಜಗ್ಗಿದಳು. ಅವನು ಕೆಮ್ಮಿದ.

“ದುಡದ ಮುಗಿಸೇವ್ರಿ, ಸಾಹೇಬರ,” ಎಂದಳು ಉದ್ದವ್ವ. “ನಮ್ಮ ಪಾಲಿಂದೂ ಕೂಡಿಸಿ ನಮ್ಮ ಅತ್ತಿ ಮಾವ ದುಡದ ಸತ್ತಾರ. ಇನ್ನ ಕೂಲಿ ಕೊಟ್ಟ ಕರೀರಿ, ಇಲ್ಲಾಂದ್ರ ನೀವೂ ಮುಯ್ಯಿಗೆ ಬರ್ರಿ. ನಾಳೆ ಕೆಂಪವ್ವನ ಹೊಲದಾಗ ಕಸಾ ಐತಿ.”