ಕೇರೆ ಮರಿ ಕಣ್ಣು ಬಿಡೋ ತನಕ

ಹಾವು ಸಾಕಿದ್ದೆ ಅಂದರೆ ಈಗಿನವರು ನಗ್ತಾರೆ. ನಗಲಿ ಬಿಡಿ. ಒಂದು ಕೇರೆ ಮರಿ ಬದುಕಿದ್ದರಿಂದ ನಾನೂ ಬದುಕಿದೆ ಅಂದರೆ ಇನ್ನೂ ಜೋರಾಗಿ ನಗ್ತಾರೆ. ಅವರ ನಗು ಕಟ್ಟಿಕೊಂಡು ನನಗೇನಾಗಬೇಕು? ನಡೆದದ್ದನ್ನ ನಡೆದ ಹಾಗೆ ಹೇಳ್ತೀನಿ.

ಯುದ್ಧದ ಕಾಲ ಅದು. ಲಕ್ಕೂರು ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಕಾಲರಾದಲ್ಲಿ ಹೋದ ಮೇಲೆ ಶ್ರೀನಿವಾಸಪುರದ ಹತ್ತಿರ ನಮ್ಮೂರಿಗೇ, ತವರಿಗೆ ವಾಪಸ್ ಬಂದು ವರ್ಷದ ಮೇಲಾಗಿತ್ತು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮನೇಲಿ ಅಮ್ಮ, ಅಣ್ಣ, ನಾನು, ಅಷ್ಟೇ. ಅಪ್ಪ ಮೊದಲೇ ಹೋಗಿದ್ದರು. ಆಕಾಶದಿಂದ ಸಿಪಾಯಿಗಳು ಇಳಿಯೋ ಛತ್ರಿಗೆ ರೇಷ್ಮೆ ಬೇಕಂತೆ ಅಂತ ಯಾರೋ ಹೇಳಿ, ಊರಲ್ಲಿ ಎಲ್ಲರೂ ಹುಳ ಮೇಯಿಸೋಕೆ ಶುರು ಮಾಡಿದ್ದರು. ನಮ್ಮ ಮನೆಯ ಹುಳುಮನೆ ನನ್ನ ಪಾಲಿಗೆ ಬಂತು. ನಾನು ಶುಭಕಾರ್ಯಕ್ಕೆ ಹೋಗೋ ಹಾಗಿಲ್ಲ, ಯಾರಾದರೂ ಪ್ರಯಾಣ ಹೊರಟರೆ ಬಾಗಿಲಲ್ಲಿ ನಿಲ್ಲೋ ಹಾಗಿಲ್ಲ, ಹುಳಕ್ಕೆ ಸೊಪ್ಪು ಹಾಕೋಕೆ ಮಾತ್ರ ಅಡ್ಡಿ ಇಲ್ಲ. ಮುತ್ತೈದೆ ಯಾರು, ಮುಂಡೆ ಯಾರು ಅಂತ ಹುಳಕ್ಕೇನು ಗೊತ್ತು!

ಮಾರ್ಗಶಿರದ ಚಳಿಯಲ್ಲಿ ಒಂದು ಬೆಳಿಗ್ಗೆ ಸೊಪ್ಪು ಕೊಯ್ಯೋಕೆ ಹೋದಾಗ ಹಿಪ್ಪುನೇರಳೆ ಗಿಡದ ಬುಡದಲ್ಲಿ ಅದು ಬಿದ್ದಿತ್ತು. ಬೆರಳಿನಷ್ಟು ದಪ್ಪ ಇಲ್ಲ, ಮೊಳದ ಮೇಲೆ ಸ್ವಲ್ಪ ಉದ್ದ. ಚಳಿಗೆ ಮರಗಟ್ಟಿ ಹೋಗಿತ್ತು. ಸತ್ತಿದೆ ಅಂದುಕೊಂಡು ಕಡ್ಡಿಯಲ್ಲಿ ಎತ್ತಿದರೆ ನಾಲಿಗೆ ಆಡಿಸಿತು. ಏನನ್ನಿಸಿತೋ ಏನೋ, ಸೆರಗಲ್ಲಿ ಹಾಕ್ಕೊಂಡು ಬಂದುಬಿಟ್ಟೆ.

"ಏನೇ ಅದು ಸೆರಗಲ್ಲಿ?" ಅಂದಳು ಅಮ್ಮ.

"ಕೇರೆ ಮರಿ."

"ಅಯ್ಯೋ ನಿನ್ನ ಮನೆ ಹಾಳಾಗ! ಬಿಸಾಕೇ ಆಚೆ!"

"ನನ್ನ ಮನೆ ಹಾಳಾಗಿ ಆಯ್ತಲ್ಲಮ್ಮ, ಇನ್ನೇನು ಹಾಳಾಗಬೇಕು?" ಅಂದೆ. ನನ್ನ ಬಾಯಿ ಆಗಲೂ ಹಾಗೇ, ಈಗಲೂ ಹಾಗೇ. ಅಣ್ಣ ಹಲ್ಲುಜ್ಜುತ್ತಾ ಇಣುಕಿ ನೋಡಿ, "ಕೇರೆ ತಾನೇ, ವಿಷ ಇಲ್ಲ. ಹುಳುಮನೇಲಿ ಇಲಿ ಕಾಟ ಜಾಸ್ತಿ ಆಗಿದೆ, ದೊಡ್ಡದಾದರೆ ಹಿಡಿಯುತ್ತೆ. ಇರಲಿ ಬಿಡಮ್ಮ" ಅಂದ.

ಬೆಚ್ಚಗಿಡೋದು ಅಂದರೆ ನನಗೆ ಗೊತ್ತಿದ್ದದ್ದು ಹುಳುಮನೆಯ ಅಗ್ಗಿಷ್ಟಿಕೆ. ಚಳಿಗಾಲದಲ್ಲಿ ಹುಳ ಸೊಪ್ಪು ತಿನ್ನದೆ ಮಂಕಾಗುತ್ತವೆ ಅಂತ ಇದ್ದಿಲ ಕೆಂಡ ಹಾಕಿ ಇಡ್ತಿದ್ದೆವು. ಮೊದಲ ದಿನ ಮರಿಯನ್ನ ಒಂದು ಮಡಕೆಗೆ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಅಗ್ಗಿಷ್ಟಿಕೆಗೆ ಒತ್ತಿಸಿಟ್ಟು ಸೊಪ್ಪು ಹೆಚ್ಚೋಕೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗೆ ಟಪಟಪ ಸದ್ದು. ಓಡಿ ಹೋಗಿ ಮುಟ್ಟಿದರೆ ಮಡಕೆ ರೊಟ್ಟಿ ಕಾವಲಿಯ ಹಾಗೆ ಸುಡ್ತಿದೆ! ಪಾಪದ್ದು ಮೂತಿ ಬಡಿದುಕೊಳ್ತಿತ್ತು. ಇನ್ನೊಂಚೂರು ತಡ ಮಾಡಿದ್ದರೆ ಬೆಂದೇ ಹೋಗ್ತಿತ್ತು. ಓಡಿ ಹೋಗೋಣ ಅಂದರೆ ಮಡಕೆಯಲ್ಲಿ ಎಲ್ಲಿಗೆ ಹೋಗುತ್ತೆ? ಸುತ್ತಲೂ ಅದೇ ಬಿಸಿ.

ಆಮೇಲೆ ಅಟ್ಟದ ಮೇಲಿದ್ದ ಹಳೇ ಮಾವಿನ ಹಣ್ಣಿನ ಪೆಟ್ಟಿಗೆ ಇಳಿಸಿದೆ. ಹಲಗೆ ಸಂದಿಗೆಲ್ಲ ಸಗಣಿ ಮಣ್ಣು ಮೆತ್ತಿ ಒಣಗಿಸಿದೆ. ಮೇಲೆ ಮುರಿದ ಬಿದಿರು ತಟ್ಟೆ ಮುಚ್ಚಿ, ಗುಂಡುಕಲ್ಲು ಹೇರಿದೆ. ಪೆಟ್ಟಿಗೆಯ ಒಂದು ತುದಿ ಮಾತ್ರ ಅಗ್ಗಿಷ್ಟಿಕೆ ಕಡೆ, ನಡುವೆ ಅಡ್ಡಡ್ಡ ಇಟ್ಟಿಗೆ. ಇನ್ನೊಂದು ತುದಿ ತಣ್ಣಗೆ, ಅಲ್ಲೊಂದು ಚಿಪ್ಪಿನಲ್ಲಿ ನೀರು. ಕೆಂಡದ ಮೇಲೆ ಬೂದಿ ಮುಚ್ಚಬೇಕು, ಕಿಟಕಿ ಒಂದಿಷ್ಟು ತೆಗೆದಿರಬೇಕು, ಇಲ್ಲದಿದ್ದರೆ ಇದ್ದಿಲ ಹೊಗೆಗೆ ಹಾವೂ ಇಲ್ಲ, ಹುಳವೂ ಇಲ್ಲ, ನಾನೂ ಇಲ್ಲ. ಬಿಸಿ ಎಷ್ಟು ಅಂತ ನೋಡೋಕೆ ಕೈ ಮಗುಚಿ ಒಳಗಿಡ್ತಿದ್ದೆ. ಕಾವು ಕೂತ ಕೋಳಿಯ ಹೊಟ್ಟೆ ಕೆಳಗೆ ಇರುತ್ತಲ್ಲ, ಅಷ್ಟಿದ್ದರೆ ಸರಿ. ಮರಿ ಒಂದು ಹೊತ್ತು ಈ ತುದಿಯಲ್ಲಿ, ಒಂದು ಹೊತ್ತು ಆ ತುದಿಯಲ್ಲಿ, ತನಗೆ ಬೇಕಾದ ಹಾಗೆ ಓಡಾಡಿಕೊಂಡಿತ್ತು. ಕಪ್ಪೆ ಮರಿ, ಕಣ್ಣು ಬಿಡದ ಇಲಿ ಮರಿ ಹಾಕಿದರೆ ನುಂಗ್ತಿತ್ತು. ನಾನು ಪೆಟ್ಟಿಗೆ ತೆಗೆದರೆ ತಲೆ ಎತ್ತಿ ಕಪ್ಪು ಕಣ್ಣಲ್ಲಿ ನೋಡ್ತಿತ್ತು. ಆ ಮನೇಲಿ ನನ್ನ ಮುಖ ನೋಡ್ತಿದ್ದದ್ದು ಅದೊಂದೇ ಅಂತ ಅನ್ನಿಸೋದು. ನನಗೆ ಅದರ ಮೇಲೆ ಜೀವ.

ಸಂಕ್ರಾಂತಿ ಹತ್ತಿರ ಬಂದಾಗ ಅದು ತಿನ್ನೋದು ಬಿಟ್ಟಿತು. ಮೈ ಬಣ್ಣ ಮಾಸಿತು. ಕಣ್ಣಿಗೆ ಹಾಲು ಬಿದ್ದ ಹಾಗೆ ಬೆಳ್ಳಗಾಯ್ತು. ನಾನು ಹೆದರಲಿಲ್ಲ. ರೇಷ್ಮೆ ಹುಳವೂ ಚರ್ಮ ಬಿಡೋ ಮುಂಚೆ ಹೀಗೇ ತಿನ್ನೋದು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತೆ. ಅದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳಕ್ಕೆ ತೇವ ತಗಲಬಾರದು, ಸುಣ್ಣದ ಪುಡಿ ಉದುರಿಸಿ ಒಣಗಿಸಬೇಕು. ಹಾವಿಗೂ ಜ್ವರ ಬಂದಿದೆ ಅಂತ ನೀರಿನ ಚಿಪ್ಪು ತೆಗೆದೆ, ಸುಣ್ಣ ಉದುರಿಸಿದೆ, ಕೆಂಡ ಒಂದಿಷ್ಟು ಜಾಸ್ತಿ ಮಾಡಿದೆ.

ಆ ಹೊತ್ತಿಗೆ ಸರಿಯಾಗಿ ಬಂದಳು ಸೂಲಗಿತ್ತಿ ಮುದುಕಿ. ಹುಳ ತಿಂದು ಬಿಟ್ಟ ಸೊಪ್ಪು ಕಡ್ಡಿಯನ್ನ ತನ್ನ ಮೇಕೆಗೆ ಒಯ್ಯೋಳು. ಪೆಟ್ಟಿಗೆ ಮುಚ್ಚಳ ತೆಗೆದಿತ್ತು. ಬಗ್ಗಿ ನೋಡಿದಳು. ನನ್ನನ್ನ ನೋಡಿದಳು. ಮತ್ತೆ ಹಾವನ್ನ ನೋಡಿದಳು. "ಪಾಮುಕಿ ಕಂಡ್ಲು ಪೊಯ್ನಾಯಿ" ಅಂದಳು ತೆಲುಗಲ್ಲಿ, ಹಾವಿಗೆ ಕಣ್ಣು ಹೋಗಿವೆ ಅಂತ. ಅಷ್ಟೇ ಅಂದು ಸೀದಾ ಅಡುಗೆಮನೆಗೆ ಹೋದಳು, ಅಮ್ಮನ ಹತ್ತಿರ.

ಬಸುರಿಯನ್ನ ಕಂಡರೆ ಹಾವಿಗೆ ಕಣ್ಣು ಕಾಣಲ್ಲ ಅಂತ ನಮ್ಮ ಕಡೆ ಎಲ್ಲರೂ ನಂಬ್ತಾರೆ. ನನಗದು ಹೊಳೆಯಲೇ ಇಲ್ಲ. ಮುದುಕಿ ಹೋದ ಮೇಲೆ ಅಮ್ಮ ಹುಳುಮನೆ ಬಾಗಿಲಿಗೆ ಬಂದು ನಿಂತಳು. ಮುಖ ಬೂದಿಯಾಗಿತ್ತು.

"ಯಾರೇ ಅವನು?"

"ಯಾರು?"

"ಬಾಯಿ ಮುಚ್ಚೇ. ಹೋದ ತಿಂಗಳು ನೀನು ಹೊರಗೆ ಕೂರಲಿಲ್ಲ. ಅದರ ಹಿಂದಿನ ತಿಂಗಳೂ ಕೂರಲಿಲ್ಲ. ಹುಳುಮನೇಲೇ ಇದ್ದೆ. ನನಗೆ ಕಣ್ಣಿಲ್ವಾ?"

ಗಂಡ ಸತ್ತ ಮೇಲೆ ನನಗೆ ಊಟ ಸೇರ್ತಿರಲಿಲ್ಲ, ಮುಟ್ಟೂ ಹೆಚ್ಚುಕಮ್ಮಿ ಆಗ್ತಿತ್ತು. ಹೇಳಿದೆ. ಸೊಪ್ಪಿನ ಮೇಲೆ ಆಣೆ ಇಟ್ಟೆ, ಅಪ್ಪನ ಮೇಲೆ ಆಣೆ ಇಟ್ಟೆ. ಅಮ್ಮ ಒಂದೇ ಮಾತು ಹಿಡಿದಳು: "ಹಾವು ಯಾಕೆ ಸುಳ್ಳು ಹೇಳುತ್ತೆ?" ಅಣ್ಣ ಮಾಲೂರಿಗೆ ಹೋಗಿದ್ದ, ಅವನಿಗೆ ಹೆಣ್ಣು ಗೊತ್ತು ಮಾಡೋಕೆ. ಬೀಗರಾಗೋರು ಅವನ ಜೊತೆಗೇ ಮನೆ ನೋಡೋಕೆ ಬರೋರಿದ್ದರು. ಅವರು ಬರೋದರೊಳಗೆ ಇದು ಮುಗಿದು ಹೋಗಬೇಕು ಅಂತ ಅಮ್ಮನ ಲೆಕ್ಕ. ಹಿತ್ತಲ ಒಲೆ ಮೇಲೆ ಕಷಾಯ ಕುದಿಯೋಕೆ ಇಟ್ಟಿದ್ದಳು. ಬಸಿರು ಇಳಿಸೋಕೆ ಮುದುಕಿ ಕೊಟ್ಟ ಬೇರು. ಆ ಬೇರಿನ ಕಷಾಯ ಕುಡಿದು ರಕ್ತ ನಿಲ್ಲದೆ ಸತ್ತವಳೊಬ್ಬಳನ್ನ ಲಕ್ಕೂರಲ್ಲಿ ನಾನೇ ಕಣ್ಣಾರೆ ಕಂಡಿದ್ದೆ. ಹೊಟ್ಟೇಲಿ ಏನೂ ಇಲ್ಲದವಳು ಕುಡಿದರೆ ಏನಾಗುತ್ತೆ ಅಂತ ಯಾರನ್ನ ಕೇಳಲಿ?

ಕೋಪ ನೆತ್ತಿಗೇರಿತು. "ಹಾವಿನ ಮಾತು ನಂಬ್ತೀಯಲ್ಲ, ಅದಕ್ಕೆ ಕಣ್ಣು ಬರೋ ತನಕ ತಡಿ. ನನ್ನೆದುರಿಗೇ ಅದು ಕಣ್ಣು ಬಿಟ್ಟು ನೋಡುತ್ತೆ. ಅಣ್ಣನ ಬಸ್ಸು ಬರೋದರೊಳಗೆ ನೋಡದಿದ್ದರೆ ನಿನ್ನ ಕಷಾಯ ತಗೊಂಡು ಬಾ, ಗಟಗಟ ಕುಡೀತೀನಿ" ಅಂದುಬಿಟ್ಟೆ.

ಅಲ್ಲಿಂದಾಚೆಗೆ ನನಗೆ ಹುಳದ ಮೇಲೆ ಗ್ಯಾನವೇ ಇಲ್ಲ. ಪೆಟ್ಟಿಗೆ ಮುಂದೆಯೇ ಕುಕ್ಕರುಗಾಲಲ್ಲಿ ಕೂತಿರ್ತಿದ್ದೆ. ಇನ್ನಷ್ಟು ಸುಣ್ಣ, ಇನ್ನಷ್ಟು ಕೆಂಡ. ಬೇಗ ಜ್ವರದಿಂದ ಎದ್ದು ಪೊರೆ ಬಿಡಲಿ, ಬೇಗ ಬಿಡಲಿ. ಪೊರೆ ಒಡೀತು ನೋಡಿ, ಹರಕು ಹರಕಾಗಿ, ಒಣಗಿದ ಈರುಳ್ಳಿ ಸಿಪ್ಪೆ ಥರ. ಬೆನ್ನ ಮೇಲೆ ಒಂದು ಚೂರು ಬಂತು, ಹೊಟ್ಟೆ ಹತ್ತಿರ ಒಂದು ಚೂರು. ತಲೆಯದು ಬರಲೇ ಇಲ್ಲ. ಕಣ್ಣ ಮೇಲೆ ಬೆಳ್ಳನೆ ಪೊರೆ ಹಾಗೇ ಅಂಟಿಕೊಂಡಿತ್ತು. ಕಣ್ಣು ಕಾಣದೆ ಪೆಟ್ಟಿಗೆಯ ಮೂಲೆಗೆ ಮೂತಿ ತಿಕ್ಕಿ ತಿಕ್ಕಿ ರಕ್ತ ಬಂತು. ಉಗುರಲ್ಲಿ ಕೀಳೋಣ ಅಂತ ಹೋದೆ. ಕಣ್ಣೇ ಕಿತ್ತು ಬಂದರೆ? ಕೈ ಹಿಂದಕ್ಕೆ ತಗೊಂಡೆ. ಮೈ ಸುಕ್ಕುಗಟ್ಟಿ ಹಗ್ಗ ಆಗಿತ್ತು ಅದರದ್ದು. ದೇವರೇ, ಇದು ಸತ್ತರೆ ನಾನು ಸತ್ತೆ, ಅಂತ ಗೊಳೋ ಅಂತ ಅತ್ತೆ. ಅಮ್ಮ ಅಡುಗೆಮನೇಲಿ ಕೇಳಿಸಿಕೊಂಡಳು, ಬರಲಿಲ್ಲ.

ಅಣ್ಣ ಬರೋ ದಿನ ಬಂತು. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಲೇಬೇಕಿತ್ತು, ಪೆಟ್ಟಿಗೆ ಮುಚ್ಚೋದು ಮರೆತು ಎದ್ದೆ. ತಿರುಗಿ ನೋಡಿದರೆ ಪೆಟ್ಟಿಗೆ ಖಾಲಿ! ತಟ್ಟೆಗಳ ಕೆಳಗೆ, ಒರಳಿನ ಹಿಂದೆ, ಎಲ್ಲಾ ಕಡೆ ತಡಕಾಡಿದೆ. ಕೊನೆಗೆ ಸಿಕ್ಕಿದ್ದು ಸೊಪ್ಪಿನ ರಾಶಿಯಲ್ಲಿ. ಸೊಪ್ಪು ಬಾಡದಿರಲಿ ಅಂತ ಅದರ ಮೇಲೆ ಒದ್ದೆ ಗೋಣಿ ಹೊದಿಸಿಡ್ತಿದ್ದೆವು. ಕಣ್ಣು ಕಾಣದ ಮರಿ ಕೆಂಡದ ಬಿಸಿ ಬಿಟ್ಟು, ಸುಣ್ಣ ಬಿಟ್ಟು, ತೆವಳಿಕೊಂಡು ಹೋಗಿ ಆ ಒದ್ದೆ ಗೋಣಿ ಕೆಳಗೆ ಸೇರಿಕೊಂಡಿತ್ತು. ತನ್ನ ತಲೆಯನ್ನ ಗೋಣಿ ನೂಲಿಗೆ ಒತ್ತಿ ಒತ್ತಿ ಉಜ್ಜುತ್ತಿತ್ತು.

ಥೂ ನನ್ನ ಬುದ್ಧಿಗಿಷ್ಟು ಅಂದುಕೊಂಡೆ. ಹುಳದ ಜ್ವರಕ್ಕೆ ಒಣಗಿಸಬೇಕು, ಹಾವಿನ ಜ್ವರಕ್ಕೆ ನೆನೆಸಬೇಕು. ನಾನು ಎಳೇ ಜೀವವನ್ನ ಒಣಗಿಸಿ ಒಣಗಿಸಿ ಕೊಲ್ತಿದ್ದೆ. ಪೆಟ್ಟಿಗೆಯ ಸುಣ್ಣವನ್ನೆಲ್ಲ ಬಳಿದು ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಗೋಣಿ ಅದ್ದಿ ಹಿಂಡಿ, ತಣ್ಣಗಿನ ತುದಿಯಲ್ಲಿ ಮಡಿಸಿ ಹಾಸಿದೆ. ಕೆಂಡದ ಮೇಲೆ ಬೂದಿ ಮುಚ್ಚಿದೆ, ನೀರಿನ ಚಿಪ್ಪು ತುಂಬಿಸಿಟ್ಟೆ. ಮರಿ ಗೋಣಿ ಮಡಿಕೆಯೊಳಗೆ ನುಗ್ಗಿತು. ಇನ್ನು ನಾನು ಮಾಡೋದು ಏನೂ ಉಳಿದಿರಲಿಲ್ಲ.

ಬಿಸಿಲು ಏರಿತು. ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಲ್ಲಿ ಓಡ್ತಿದ್ದ ಬಸ್ಸು ಗೊರಗೊರ ಅಂತ ದಿಣ್ಣೆ ಹತ್ತೋದು ನಮ್ಮ ಹಿತ್ತಲಿಗೇ ಕೇಳಿಸೋದು. ಆ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆ. ಅಮ್ಮ ಬಂದಳು. ಕೈಯಲ್ಲಿ ಲೋಟ. ವಾಸನೆ ಮೂಗಿಗೆ ರಾಚಿತು.

"ಹೊತ್ತಾಯ್ತು ಕಣೇ. ಕುಡಿ ಮಗಳೇ. ಯಾರಿಗೂ ಗೊತ್ತಾಗಲ್ಲ."

"ಬಸ್ಸು ಬರಲಿ."

"ಬಸ್ಸು ಬಂದ ಮೇಲೆ ಏನು ಕುಡೀತೀಯೆ? ನಿಮ್ಮಣ್ಣನ ಎದುರಿಗಾ?" ಅಂತ ಹತ್ತಿರ ಬಂದು ನನ್ನ ಗಲ್ಲ ಹಿಡಿದಳು. ಹಿಡಿತ ಬಿಗಿಯಾಗಿತ್ತು. ನಾನು ಹಲ್ಲು ಕಚ್ಚಿಕೊಂಡು ಪೆಟ್ಟಿಗೆಯನ್ನೇ ನೋಡ್ತಿದ್ದೆ.

ಗೋಣಿ ಅಲ್ಲಾಡಿತು. ಮಡಿಕೆಯಿಂದ ಮರಿ ಆಚೆ ಬಂತು, ಹೊಸ ಮೈ ಮಿಂಚುತ್ತಾ. ಅದರ ತಲೆಯ ಪೊರೆ ಗೋಣಿ ನೂಲಿಗೆ ಸಿಕ್ಕಿಕೊಂಡು ಹಿಂದಕ್ಕೆ ಮಗುಚಿ ಬಿದ್ದಿತ್ತು, ಅದರಲ್ಲಿ ಕಣ್ಣಿನ ಎರಡು ದುಂಡನೆ ಚಿಪ್ಪು. ಮರಿಯ ಕಣ್ಣು ಕರ್ರಗೆ, ನಿಚ್ಚಳವಾಗಿದ್ದವು. ನಾನು ಬೆರಳು ಎತ್ತಿದೆ. ಆ ಕಡೆ ತಲೆ ತಿರುಗಿಸಿತು. ಈ ಕಡೆ ಸರಿಸಿದೆ. ಈ ಕಡೆ ತಿರುಗಿಸಿತು.

"ನೋಡು" ಅಂದೆ. "ನೋಡಮ್ಮ. ನನ್ನೆದುರಿಗೇ ನೋಡ್ತಿದೆ."

ಅಮ್ಮ ನೋಡಿದಳು. ಗಲ್ಲ ಬಿಟ್ಟಳು. "ಅಯ್ಯೋ ಸ್ವಾಮಿ, ನನ್ನ ಮಾನ ಉಳಿಸಿದೆಯಪ್ಪ" ಅಂತ ಹಾವಿಗೆ ಕೈ ಮುಗಿದಳು. ಹಿತ್ತಲಿಗೆ ಹೋಗಿ ಲೋಟ ಚೆಲ್ಲಿ, ತೊಳೆದು ತಂದಳು. ನಗ್ತಿದ್ದಳು, ಅಳ್ತಿದ್ದಳು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳು" ಅಂದೆ. "ಇದು ಕಣ್ಣು ಬಿಡದೆ ಸತ್ತಿದ್ದರೆ ನನಗೆ ಕುಡಿಸ್ತಿದ್ದೆಯಾ?"

ಅಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಕುಡಿಸ್ತಿದ್ದೆ ಕಣೇ" ಅಂದಳು, ಸೆರಗಲ್ಲಿ ಮುಖ ಒರೆಸಿಕೊಂಡು. "ಇನ್ನೇನು ಮಾಡಲಿ ನಾನು?"

ಬಸ್ಸು ಬಂತು, ಅಣ್ಣ ಬಂದ, ಬೀಗರು ಬಂದರು, ಮದುವೆ ಆಯ್ತು. ಕೇರೆ ದೊಡ್ಡದಾಗಿ ಬೇಸಿಗೆಯಲ್ಲಿ ತಾನೇ ತೋಟಕ್ಕೆ ಹೋಯಿತು. ಅಮ್ಮ ಆಮೇಲೆ ಬಹಳ ವರ್ಷ ಬದುಕಿದ್ದಳು, ನನ್ನನ್ನ ಚೆನ್ನಾಗಿಯೇ ನೋಡಿಕೊಂಡಳು. ಆದರೆ ಅವಳು ಕೊಟ್ಟ ಮಜ್ಜಿಗೆಯಾಗಲಿ, ಕಾಫಿಯಾಗಲಿ, ಮೊದಲು ಮೂಸಿ ನೋಡದೆ ನಾನು ಕುಡಿದವಳಲ್ಲ. ಅವಳಿಗೂ ಅದು ಗೊತ್ತಿತ್ತು. ಲೋಟ ನನ್ನ ಕೈಗೆ ಕೊಟ್ಟ ಕೂಡಲೇ ಮುಖ ಆಚೆ ತಿರುಗಿಸಿಕೊಳ್ತಿದ್ದಳು.