ಹಡಗಿನಲ್ಲಿ ಸತ್ತ ಜಾನಪ್ಪ

ಜಪಾನಿನ ಕಾವಾಸಾಕಿಯ ಕಾಗೆಗಳನ್ನು ನೀವೊಮ್ಮೆ ನೋಡಬೇಕು. ನಮ್ಮೂರಿನವಕ್ಕಿಂತ ಗಾತ್ರದಲ್ಲಿ ದೊಡ್ಡವು, ಕೊಕ್ಕು ಅಡಕತ್ತರಿಯಂಥದು, ದನಿಯಲ್ಲಿ ಯಾರ ಹಂಗೂ ಇಲ್ಲ. ಕಸ ಒಯ್ಯುವ ದಿನ ಬೆಳಿಗ್ಗೆ ಚೀಲಗಳ ಮೇಲೆ ನೀಲಿ ಬಲೆ ಹೊದಿಸಿ, ಅದರ ಅಂಚಿಗೆ ನೀರು ತುಂಬಿದ ಬಾಟಲಿಗಳನ್ನು ಭಾರಕ್ಕಿಟ್ಟು, ಇಡೀ ಬೀದಿಯೇ ಇವುಗಳಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ. ಇಂಥ ಊರಿಗೆ ಬಂದ ಮೊದಲ ವರ್ಷ, ಹಿರಿಯರ ಹಬ್ಬದ ದಿನ, ನಾನು ಎಡೆಯ ತುತ್ತನ್ನು ಬಾಲ್ಕನಿಯ ಕಟ್ಟೆಯ ಮೇಲಿಟ್ಟು, ಕೈಮುಗಿದು, ಕಾ ಕಾ ಎಂದು ಕರೆದೆ. ಕಾಗೆಗಳು ಬಂದವು; ಅವುಗಳ ಹಿಂದೆಯೇ ಕೆಳಮನೆಯ ಹಿರಿಯಾಕೆಯೂ ಬಂದರು. ತಪ್ಪು ತಮ್ಮದೇ ಎಂಬಷ್ಟು ಬಾಗಿ, ಸುಮಿಮಾಸೆನ್, ಕ್ಷಮಿಸಿ, ಎಂದು ಶುರುಮಾಡಿ, ದಯವಿಟ್ಟು ಕಾಗೆಗಳಿಗೆ ಊಟ ಹಾಕಬೇಡಿ ಎಂದು ಕೇಳಿಕೊಂಡರು. ಬಂದಿರುವವರು ನಮ್ಮ ಹಿರಿಯರು ಎಂದು ಹೇಳುವಷ್ಟು ಜಪಾನಿ ಭಾಷೆ ಆಗ ನನಗಿರಲಿಲ್ಲ.

ಅಂದಿನಿಂದ ನನ್ನ ಪಾಲಿನ ಹಿರಿಯರನ್ನೂ ಬಳ್ಳಾರಿಯಲ್ಲಿರುವ ಅಮ್ಮನೇ ಉಣಿಸುತ್ತಾಳೆ. ತಮ್ಮನ ಮನೆಯ ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿ, ಸತ್ತವರಲ್ಲಿ ಯಾರಿಗೆ ಯಾವುದು ಪ್ರಿಯವಾಗಿತ್ತೋ ಅದನ್ನೇ ಬಡಿಸುತ್ತಾಳೆ. ನಾನು ಇಲ್ಲಿಂದ ಫೋನಿನಲ್ಲಿ ನೋಡುತ್ತೇನೆ. ಅಪ್ಪನಿಗೆ ಮಿರ್ಚಿ ಬಜ್ಜಿ, ಅಜ್ಜಿಗೆ ಹೋಳಿಗೆ, ಕೊನೆಯ ಎಲೆಯಲ್ಲಿ ಬೇಯಿಸಿದ ಮೊಟ್ಟೆ, ಬ್ರೆಡ್ಡು, ಸಣ್ಣ ಲೋಟದಲ್ಲಿ ಒಂದಿಷ್ಟು ಬ್ರಾಂದಿ. ನನಗೆ ಬುದ್ಧಿ ತಿಳಿದಾಗಿನಿಂದ ನೋಡಿದ ಎಲೆ ಅದು. ಅದು ಜಾನಪ್ಪನದು.

ಜಾನಪ್ಪ ಎಂದರೆ ಅಮ್ಮನ ತಾಯಿಯ ತಂದೆ, ನನಗೆ ಮುತ್ತಜ್ಜ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿಯ ದಂಡಿನಲ್ಲಿದ್ದ ಐರ್ಲೆಂಡಿನ ಸಿಪಾಯಿ; ಹೆಸರು ಜಾನ್, ಅಪ್ಪ ಎಂಬುದು ನಮ್ಮ ಓಣಿ ಸೇರಿಸಿದ್ದು. ದಂಡಿಗೆ ಹಾಲು ಹಾಕುತ್ತಿದ್ದ ಮನೆಯ ಹುಡುಗಿ ಹುಲಿಗೆಮ್ಮನನ್ನು ಮೆಚ್ಚಿ, ತಾಳಿ ಕಟ್ಟಿ, ಒಂದು ಹೆಣ್ಣುಮಗುವಿನ ತಂದೆಯಾದ. ಅವನ ಪಲ್ಟಣಿಗೆ ಊರಿಗೆ ಮರಳುವ ಹುಕುಂ ಬಂದಾಗ, ಹೋಗಿ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹೊರಟವನು ಹಡಗಿನಲ್ಲಿ ಜ್ವರ ಬಂದು ತೀರಿಕೊಂಡ. ಹೆಣವನ್ನು ಕಡಲಿಗೆ ಬಿಟ್ಟರು. ಸುದ್ದಿ ತಂದವರು ಯಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹುಲಿಗೆಮ್ಮ ಬಳೆ ಒಡೆದಳು, ಕುಂಕುಮ ಅಳಿಸಿದಳು, ಹಾಲು ಮಾರಿ ಮಗಳನ್ನು ಬೆಳೆಸಿದಳು. ಮೊಮ್ಮಗಳಾದ ನನ್ನಮ್ಮನೂ ಅವಳ ಸೆರಗು ಹಿಡಿದೇ ಬೆಳೆದದ್ದು. ಸಾಯುವ ತನಕ ಆಕೆ ಒಂದು ಎಸಳು ಮಲ್ಲಿಗೆ ಮುಡಿದದ್ದನ್ನು ಅಮ್ಮ ಕಂಡಿಲ್ಲ. ನಮ್ಮ ಮನೆತನದಲ್ಲಿ ಆಗೊಮ್ಮೆ ಈಗೊಮ್ಮೆ ಹುಟ್ಟುವ ಬೆಕ್ಕಿನ ಕಣ್ಣಿನ ಕೂಸುಗಳಿಗೆ ಇಷ್ಟೇ ವಿವರಣೆ.

ಇದನ್ನು ಕಾದಂಬರಿ ಮಾಡಬೇಕೆಂಬ ಹುಚ್ಚು ನನಗೆ ಹಿಡಿದದ್ದು ಇಲ್ಲಿಗೆ ಬಂದ ಮೇಲೆ. ಗಂಡ ಕಾರ್ಖಾನೆಗೂ ಮಗಳು ಶಾಲೆಗೂ ಹೋದ ಮೇಲೆ, ವಾರ್ಡಿನ ಗ್ರಂಥಾಲಯದಲ್ಲಿ, ದಿನಪತ್ರಿಕೆಯ ಮೇಲೆ ತೂಕಡಿಸುವ ನಿವೃತ್ತರ ನಡುವೆ ಕೂತು ನಾನು ಬಳ್ಳಾರಿಯ ದಂಡನ್ನು ಕಟ್ಟತೊಡಗಿದೆ. ಚಾರಿತ್ರಿಕ ಕಾದಂಬರಿಯಂಥ ಸಲುಗೆಯ ಕಸುಬು ಇನ್ನೊಂದಿಲ್ಲ ಮಿತ್ರರೇ. ಸತ್ತವರು ತಕರಾರು ತೆಗೆಯುವುದಿಲ್ಲ. ತೊಡಿಸಿದ ಅಂಗಿ ತೊಡುತ್ತಾರೆ, ಹೇಳಿಕೊಟ್ಟ ಮಾತಾಡುತ್ತಾರೆ, ಇತಿಹಾಸ ಬಾಯಿ ಮುಚ್ಚಿಕೊಂಡಲ್ಲೆಲ್ಲ ನಾವು ಬಾಯಿ ಹಾಕಬಹುದು. ಹಡಗಿನ ಅಧ್ಯಾಯದಲ್ಲಿ ನಾನು ಜಾನಪ್ಪನನ್ನು ಬಹಳ ಚೆನ್ನಾಗಿ ಸಾಯಿಸಿದ್ದೆ. ಜ್ವರದ ಅಮಲಿನಲ್ಲಿ ಅವನು ಹುಲಿಗೆಮ್ಮನ ಹೆಸರು ಹಿಡಿದು ಕನ್ನಡದಲ್ಲಿ ನೀರು ಕೇಳುತ್ತಾನೆ, ಸುತ್ತ ನಿಂತವರಿಗೆ ಅರ್ಥವಾಗುವುದಿಲ್ಲ. ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅತ್ತಳು; ಮುಂದಿನ ವಾರ ಇನ್ನೊಮ್ಮೆ ಓದಿಸಿಕೊಂಡು ಇನ್ನೊಮ್ಮೆ ಅತ್ತಳು. ಕಣ್ಣು ಮುಚ್ಚುವುದರೊಳಗೆ ಆ ಪುಸ್ತಕ ಕೈಯಲ್ಲಿ ಹಿಡಿಯಬೇಕು ಎನ್ನುವುದೊಂದೇ ಈಗ ಅವಳ ಆಸೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸಂಶೋಧನೆ ಎಂಬುದು ಕಜ್ಜಿಯಂತೆ, ಕೆರೆದಷ್ಟೂ ಸುಖ. ಮಗಳ ಸಲಹೆಯಂತೆ ಕೊಳವೆಯೊಂದಕ್ಕೆ ಎಂಜಲು ಉಗುಳಿ, ಡಿಎನ್ಎ ಪರೀಕ್ಷಿಸಿ ನೆಂಟರನ್ನು ಹುಡುಕಿಕೊಡುವವರಿಗೆ ಕಳಿಸಿದೆ. ತಿಂಗಳುಗಳ ನಂತರ ಐರ್ಲೆಂಡಿನ ಹಳ್ಳಿಯೊಂದರಿಂದ ನೋರಾ ಎಂಬಾಕೆ ಸಿಕ್ಕಳು. ಪರದೆಯ ಮೇಲೆ ಅವಳು ಕಾಣಿಸಿಕೊಂಡಾಗ ನೋಡಿದರೆ, ಆ ಹಣೆ, ಆ ಗದ್ದ ನನ್ನ ಅಜ್ಜಿಯವೇ. ಅವಳ ಇಂಗ್ಲಿಷಿನ ರಾಗ ನನಗೆ ಹತ್ತದೆ ಮಗಳು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಳು. ಇಂಗ್ಲಿಷಿಗೇ ದುಭಾಷಿ ಬೇಕಾದ ತಾಯಿಯನ್ನು ಕಂಡು ಅವಳಿಗೆ ಮೊದಲು ನಗು. ಆಮೇಲೆ ನಗು ನಿಂತಿತು.

ನೋರಾ ಜಾನಪ್ಪನ ಮೊಮ್ಮಗಳು. ಅವನು ಹಡಗಿನಲ್ಲಿ ಸತ್ತಿರಲಿಲ್ಲ. ಊರು ಮುಟ್ಟಿ, ಮದುವೆಯಾಗಿ, ಮನೆತುಂಬ ಮಕ್ಕಳನ್ನು ಪಡೆದು, ಹಲ್ಲೆಲ್ಲ ಉದುರಿ, ತನ್ನ ಮಂಚದ ಮೇಲೆಯೇ ಕಣ್ಣು ಮುಚ್ಚಿದ್ದ. ಇಂಡಿಯಾದಲ್ಲಿ ಹೆಂಡತಿ ಇದ್ದಳೆಂದಾಗಲಿ ಮಗಳಿದ್ದಳೆಂದಾಗಲಿ ಯಾರೊಡನೆಯೂ ಉಸಿರೆತ್ತಿರಲಿಲ್ಲ. ತಾತ ಮೃದು ಸ್ವಭಾವದವನಾಗಿದ್ದ ಎಂದಳು ನೋರಾ. ಅವನಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ಕಾರಣಕ್ಕೆ, ದೀಪ ಹಚ್ಚಿದ ಮೇಲೆ ಯಾರಾದರೂ ಕಸಬರಿಗೆ ಮುಟ್ಟಿದರೆ. ಸುತ್ತಲಿನ ಬೇರಾವ ಮನೆಯಲ್ಲೂ ಇಲ್ಲದ ಈ ನೇಮ ತಾತನಿಗೆ ಎಲ್ಲಿಂದ ಅಂಟಿತೋ ಎಂದು ಅವರೆಲ್ಲ ಇವತ್ತಿಗೂ ನಗುತ್ತಾರಂತೆ. ಎಲ್ಲಿಂದ ಅಂಟಿತೆಂದು ನಿಮಗೆ ನಾನು ಹೇಳಬೇಕಿಲ್ಲ. ನೋರಾಳಿಗೆ ಹೇಳಲು ಹೋಗಿ ಅತ್ತುಬಿಟ್ಟೆ. ಮರೆತಿದ್ದರೆ ಅವನನ್ನು ದ್ವೇಷಿಸುವುದು ಸುಲಭವಿತ್ತು. ನೆನಪಿಟ್ಟುಕೊಂಡೂ ಬರಲಿಲ್ಲವಲ್ಲ, ಅದನ್ನು ಏನು ಮಾಡುವುದು?

ಮುಂದಿನ ಕೆಲವು ವಾರ ಗ್ರಂಥಾಲಯಕ್ಕೆ ಹೋದೆನೇ ಹೊರತು ಒಂದು ಸಾಲನ್ನೂ ಬರೆಯಲಿಲ್ಲ. ಕಾದಂಬರಿ ನನ್ನದು, ಹಡಗು ನನ್ನದು, ಜ್ವರವೂ ನನ್ನದೇ. ಅವನು ಸತ್ತ ಎಂದೇ ಅಚ್ಚು ಹಾಕಿಸಿದರೆ ಕೇಳುವವರು ಯಾರೂ ಇರಲಿಲ್ಲ. ಅಮ್ಮ ಎದೆಗೊತ್ತಿಕೊಂಡು ಓದುತ್ತಿದ್ದಳು. ನಿಜ ಹೇಳಿದರೆ ಅವಳಿಂದ ನಾನು ಕಸಿಯುವುದು ಒಬ್ಬ ತಾತನನ್ನಲ್ಲ, ಮುಡಿಯದ ಹೂವಿಗೆ, ಇಡದ ಕುಂಕುಮಕ್ಕೆ ಇದ್ದ ಒಂದೇ ಸಮಾಧಾನವನ್ನು. ಹೇಳದಿದ್ದರೆ, ನನ್ನನ್ನು ನಂಬಿ ಅಳುವ ಮುದುಕಿಯ ಮುಂದೆ ಪ್ರತಿವಾರ ನಾಟಕವಾಡಬೇಕು. ಹಾಗೊಮ್ಮೆ ಹೀಗೊಮ್ಮೆ ನಿಶ್ಚಯಿಸುತ್ತ, ನಿಶ್ಚಯವನ್ನು ಮುರಿಯುತ್ತ ಇರುವಾಗಲೇ ಹಿರಿಯರ ಹಬ್ಬ ಬಂತು.

ಆ ಮಧ್ಯಾಹ್ನ ಅಮ್ಮ ಎಲೆಗಳ ಮುಂದೆ ಕೂತಿದ್ದಳು, ತಮ್ಮ ಫೋನನ್ನು ಗೋಡೆಗೆ ಒರಗಿಸಿಟ್ಟು ಒಳಗೆ ಹೋಗಿದ್ದ. ಜಾನಪ್ಪನ ಎಲೆಗೆ ಮೊಟ್ಟೆ ಬಡಿಸುತ್ತ ಅವಳು, ಪುಸ್ತಕ ಎಲ್ಲಿಗೆ ಬಂತು ಎಂದು ಕೇಳಿದಳು. ಆ ಎಲೆಯನ್ನು ನೋಡುತ್ತ ನನಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ, ನೋರಾಳನ್ನು, ಮನೆತುಂಬ ಮಕ್ಕಳನ್ನು, ಕಸಬರಿಗೆಯನ್ನು ಸಹ.

ಅಮ್ಮ ಅಳಲಿಲ್ಲ. ಚಮಚವನ್ನು ಪಾತ್ರೆಯೊಳಗೆ ಇಟ್ಟಳು. ಅವಳು ಆಡಿದ ಮಾತು ಅವನ ಬಗ್ಗೆ ಇರಲಿಲ್ಲ.

"ಹುಲಿಗೆಮ್ಮಜ್ಜಿ ಇರೋ ತನಕ ಆತಗ ಎಲಿ ಹಾಕಿಲ್ಲ," ಎಂದಳು. "ನಮ್ಮವ್ವ ಪ್ರತಿ ವರ್ಷ ಹಾಕ್ತೀನಿ ಅಂತಿದ್ಲು, ಅಪ್ಪಗ ಒಂದು ಎಲಿ ಇಲ್ದಂಗಾತು ಅಂತ ಅಳ್ತಿದ್ಲು. ಅಜ್ಜಿ ಬ್ಯಾಡಂದ್ರ ಬ್ಯಾಡ. ಯಾಕಂತ ಹೇಳ್ತಿರ್ಲಿಲ್ಲ. ಆಕಿ ಹೋದ ಮ್ಯಾಲ ನಾವು ಶುರು ಮಾಡಿದ್ವಿ."

ನನಗೆ ತಕ್ಷಣ ಹೊಳೆಯಲಿಲ್ಲ. ಅಮ್ಮನೇ ಮುಂದುವರಿಸಿದಳು.

"ಬದುಕಿರೋರಿಗೆ ಎಡಿ ಇಡಬಾರದಲ್ಲ ಮಗಳ. ಆಕಿಗೆ ಗೊತ್ತಿತ್ತು. ಎಲ್ಲಾ ಗೊತ್ತಿದ್ದೂ ಹೂವು ಮುಡೀಲಿಲ್ಲ ನೋಡು."

ಹಾಗಾದರೆ ಸುದ್ದಿ ತಂದವರು ಯಾರೂ ಇರಲಿಲ್ಲ. ನಾನು ಕಾದಂಬರಿಯಲ್ಲಿ ಆ ಕೆಲಸಕ್ಕೆಂದೇ ಒಬ್ಬ ಅಗಸನನ್ನು ಹುಟ್ಟಿಸಿ, ಮೀಸೆ ಕೊಟ್ಟು, ಉಬ್ಬಸವನ್ನೂ ಕೊಟ್ಟು ಓಣಿಗೆ ಕಳಿಸಿದ್ದೆ, ಬರಿದೇ ಶ್ರಮ. ಕಾದು ಕಾದು, ಬಿಟ್ಟುಹೋದನೆಂದು ಮನದಟ್ಟಾದ ಯಾವುದೋ ದಿನ, ಗಂಡ ಬಿಟ್ಟವಳ ಮಗಳನ್ನು ಓಣಿ ಏನೇನು ಕೇಳುತ್ತದೆ, ಸತ್ತವನ ಮಗಳನ್ನು ಹೇಗೆ ಬಿಟ್ಟುಬಿಡುತ್ತದೆ ಎಂದು ಬಲ್ಲ ಹುಲಿಗೆಮ್ಮ, ತಾನೇ ಹಡಗು ಕಟ್ಟಿ, ತಾನೇ ಜ್ವರ ಬರಿಸಿ, ತಾನೇ ಅವನನ್ನು ಕಡಲಿಗೆ ಬಿಟ್ಟಳು. ಆ ಕತೆಯನ್ನು ನಂಬಿಸಲು ತನ್ನ ಬಳೆ ಒಡೆದುಕೊಂಡಳು. ಆದರೂ ಜೀವಂತ ಗಂಡಸಿಗೆ ಎಡೆಯಿಟ್ಟು ಕೇಡು ಬಯಸಲು ಅವಳ ಕೈ ಏಳಲಿಲ್ಲ. ನಮ್ಮ ಮನೆತನದಲ್ಲಿ ಕಾದಂಬರಿ ಬರೆದ ಮೊದಲಿಗಳು ನಾನೆಂದು ಬೀಗುತ್ತಿದ್ದೆ. ನಾನು ಬರೆದದ್ದಕ್ಕೆ ತೆತ್ತದ್ದು ಕೆಲವು ಮಧ್ಯಾಹ್ನಗಳು ಮಾತ್ರ.

ಹಡಗಿನ ಅಧ್ಯಾಯವನ್ನು ನಾನು ತೆಗೆದುಹಾಕಿಲ್ಲ. ತೆಗೆಯಬೇಡ ಎಂದವಳು ಅಮ್ಮನೇ. ಅಗಸನನ್ನು ಮಾತ್ರ ಮನೆಗೆ ಕಳಿಸಿದೆ. ಈಗ ಆ ಹಡಗು, ಆ ಜ್ವರ, ಆ ನೀರಡಿಕೆ ಎಲ್ಲವನ್ನೂ ಹುಲಿಗೆಮ್ಮನೇ ಹೇಳುತ್ತಾಳೆ, ಪುಟ್ಟ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಡವರಿಸದೆ, ಇನ್ನೊಮ್ಮೆ ಕೇಳಿದರೂ ಒಂದು ಮಾತು ಹೆಚ್ಚುಕಡಿಮೆಯಾಗದಂತೆ. ಹೇಳುವಾಗ ಅವಳು ಅಳುವುದಿಲ್ಲ. ಮಗು ಅಳುತ್ತದೆ.