ಬದಲಿ ಹೋದವನು

ಸೈಕಲ್ ತಂಡದ ರೇಸಿಗೆ ನಾಲ್ಕು ಜನ ಬೇಕು. ಮೂರು ಜನ ಹೋದರೆ ಸ್ಟಾರ್ಟ್ ಲೈನಿನಲ್ಲಿ ನಿಲ್ಲಲೂ ಬಿಡುವುದಿಲ್ಲ. ನಾವು ಸರಿಯಾಗಿ ನಾಲ್ಕೇ ಜನ ಇದ್ದೆವು. ಐದನೆಯವನನ್ನು ಸೇರಿಸೋಣವೆಂದರೆ ಸೈಕಲ್ ಇರಲಿಲ್ಲ, ಕೊಡಿಸುವವರೂ ಇರಲಿಲ್ಲ. ಆ ವರ್ಷ ವಿಜಯಪುರದ ಕಡೆ ನಡೆಯುವ ರಾಜ್ಯ ಸ್ಪರ್ಧೆಗೆ ನಮ್ಮ ತಂಡ ಮೊದಲ ಸಲ ಹೋಗುವುದಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ.

ನಾನು ಹುಮನಾಬಾದಿನವನು. ಹೈವೇ ಪಕ್ಕದ ಲಾರಿ ಟೈರಿನ ಅಂಗಡಿಯಲ್ಲಿ ಕೆಲಸ. ಓದು ತಲೆಗೆ ಹತ್ತಲಿಲ್ಲ, ಬಿಟ್ಟೆ. ಚಿಟಗುಪ್ಪದವನೊಬ್ಬ ಇದ್ದ, ಅವನ ಅಪ್ಪನದು ಕಿರಾಣಿ ಅಂಗಡಿ. ಹಳ್ಳಿಖೇಡದವನೊಬ್ಬ, ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಾಲ್ಕನೆಯವನು ಹುಲಸೂರಿನವನು. ನಿಜ ಹೇಳಬೇಕೆಂದರೆ ನಮ್ಮಲ್ಲಿ ರೇಸ್ ಹೊಡೆಯುವವನು ಅವನೊಬ್ಬನೇ. ನಾವು ಮೂವರು ದಮ್ಮು ಕಟ್ಟಿ ತುಳಿಯುವ ವೇಗದಲ್ಲಿ ಅವನು ಮಾತಾಡಿಕೊಂಡು ಬರುತ್ತಿದ್ದ. ಕಾಲು ಕೊಕ್ಕರೆಯ ಹಾಗೆ ಉದ್ದ.

ಬಸವಕಲ್ಯಾಣದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಚಾಚಾ ನಮ್ಮ ಕ್ಲಬ್ಬಿನ ಅಧ್ಯಕ್ಷರು, ಕಾರ್ಯದರ್ಶಿ, ಮೆಕ್ಯಾನಿಕ್, ಎಲ್ಲ ಒಬ್ಬರೇ. ಅವರ ಅಜ್ಜನ ಕಾಲದಿಂದ ಆ ಅಂಗಡಿ ಇದೆ. ಮೊದಲು ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಈಗ ಮಕ್ಕಳ ಸೈಕಲ್ ಮಾರುತ್ತಾರೆ. ನಮ್ಮ ಖರ್ಚಿಗೆ ಅವರು ಪ್ರತಿ ವರ್ಷ ಪೇಟೆಯ ಸಾಹುಕಾರರ ಹತ್ತಿರ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಬಟ್ಟೆ ಅಂಗಡಿಯವರು ಚಹಾ ತರಿಸಿದರು, ಕುಡಿಸಿದರು, ಆಮೇಲೆ ಹೇಳಿದರು:

"ಕ್ರಿಕೆಟ್ ಆದ್ರ ನೋಡ್ರಿ ಚಾಚಾ, ಕಪ್ಪಿನ ಮ್ಯಾಲ ನಮ್ಮ ಹೆಸರು ಹಾಕಸ್ತಿದ್ದೆ. ಸೈಕಲ್‌ದಾಗ ಏನದ? ಸುಂಯ್ ಅಂತ ಹೋಗಿಬಿಡ್ತಾರ. ಹೆಸರು ಯಾರಿಗಿ ಕಾಣ್ಸತದ?"

"ಸಾವಕಾಶ ಹೊಡೀರಿ ಅಂತ ಹೇಳ್ತೀನಿ ಸಾಹುಕಾರ್ರೇ," ಅಂದರು ಚಾಚಾ. ಸಾಹುಕಾರರು ನಕ್ಕು ಸ್ವಲ್ಪ ದುಡ್ಡು ಕೊಟ್ಟರು. ಟ್ಯೂಬುಗಳಿಗಾಯಿತು.

ಬೆಳಗಾಗುತ್ತಲೇ ನಾವು ಬಸವಕಲ್ಯಾಣಕ್ಕೆ ತಿರುಗುವ ಬಂಗ್ಲಾ ಕ್ರಾಸಿನಲ್ಲಿ ಸೇರಿ ಹುಮನಾಬಾದಿನ ಕಡೆ ಹೈವೇ ಹಿಡಿಯುತ್ತಿದ್ದೆವು. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋದರೆ ಗಾಳಿ ಬಡಿಯುವುದಿಲ್ಲ, ಶಕ್ತಿ ಉಳಿಯುತ್ತದೆ. ಅದಕ್ಕೆ ನಾವು ನೆರಳು ಅನ್ನುತ್ತಿದ್ದೆವು. ತಂಡದ ರೇಸಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಮುಂದೆ ಬಂದು ಉಳಿದವರಿಗೆ ನೆರಳು ಕೊಡಬೇಕು. ಒಬ್ಬೊಬ್ಬರೇ ಗೆಲ್ಲುವ ರೇಸಿನಲ್ಲಿ ಮಾತ್ರ ನನ್ನ ಕೆಲಸ ಬೇರೆ. ಕೊನೆಯ ತನಕ ಹುಲಸೂರಿನವನಿಗೆ ನೆರಳು ಕೊಡುವುದು, ಗೆರೆ ಕಾಣಿಸಿದಾಗ ಪಕ್ಕಕ್ಕೆ ಸರಿಯುವುದು. ಅವನು ಗೆಲ್ಲುತ್ತಿದ್ದ. ನಾನು ಎಲ್ಲೋ ಹಿಂದೆ ಬರುತ್ತಿದ್ದೆ. ನನಗೇನೂ ಬೇಜಾರಿರಲಿಲ್ಲ. ಅವನು ಗೆದ್ದರೆ ಕ್ಲಬ್ಬಿನ ಹೆಸರು ಬರುತ್ತಿತ್ತು.

ಹೊರದೇಶದ ದೊಡ್ಡ ತಂಡಗಳಲ್ಲಿ ಯಾರು ಯಾವ ತಂಡಕ್ಕೆ ಹೋದ ಅನ್ನುವುದನ್ನು ಮೊಬೈಲಿನಲ್ಲಿ ನೋಡುವುದು ನಮಗೆಲ್ಲ ಹುಚ್ಚು. ಸಣ್ಣ ತಂಡ ಹುಡುಗನನ್ನು ಬೆಳೆಸುತ್ತದೆ, ದೊಡ್ಡ ತಂಡ ಎತ್ತಿಕೊಂಡು ಹೋಗುತ್ತದೆ. ಅವನು ಹೊಸ ಅಂಗಿ ಹಾಕಿಕೊಂಡು ನಗುವ ಫೋಟೋ ಬರುತ್ತದೆ. ಸಣ್ಣ ತಂಡದವರ ಫೋಟೋ ಬರುವುದಿಲ್ಲ. ಆಗ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಒಂದು ದಿನ ಪ್ರಾಕ್ಟೀಸ್ ಮುಗಿಸಿ ಚಾಚಾನ ಅಂಗಡಿಯಲ್ಲಿ ಕೂತಿದ್ದೆವು. ಹುಲಸೂರಿನವನು ಚೈನಿಗೆ ಎಣ್ಣೆ ಹಾಕುತ್ತಿದ್ದ. ಚಾಚಾಗೆ ಫೋನ್ ಬಂತು. ಸೋಲಾಪುರದ ಕಡೆಯ ಒಂದು ತಂಡದ ಮ್ಯಾನೇಜರ್. ಅದು ಹುಡುಗರಿಗೆ ತಿಂಗಳ ಸಂಬಳ ಕೊಡುವ ತಂಡ. ಅಲ್ಲಿ ನಡೆದ ಒಂದು ರೇಸಿನಲ್ಲಿ ಹುಲಸೂರಿನವನು ಅವರ ಹುಡುಗರನ್ನೆಲ್ಲ ಹಿಂದೆ ಹಾಕಿದ್ದ. ಚಾಚಾಗೆ ಒಂದು ಕಿವಿ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಎಲ್ಲರಿಗೂ ಕೇಳಿಸಿತು.

"ಚಾಚಾ, ಆಮಚಾ ಏಕ್ ಪೋರ್ಗಾ ಪಡ್ಲಾ, ಹಾತ್ ಮೋಡ್ಲಾ. ತುಮಚ್ಯಾ ಪೋರಾಚೀ ಬದಲೀ ಕರೂನ ದ್ಯಾ."

ಚಾಚಾ ಫೋನಿನ ಮೇಲೆ ಕೈ ಇಟ್ಟು ನಮ್ಮ ಕಡೆ ತಿರುಗಿದರು. "ಅವರ ಹುಡುಗ ಬಿದ್ದು ಕೈ ಮುರ್ಕೊಂಡಾನಂತ. ನಮ್ಮಾಂವನ್ನ ಬದಲಿ ಕೇಳಾಕತ್ತಾರ."

ನಮ್ಮ ಕಡೆ ಬದಲಿ ಅಂದರೆ ಗೊತ್ತೇ ಇದೆ. ಕಾರ್ಖಾನೆಯಲ್ಲಿ ಕೆಲಸ ಮಾಡುವವನಿಗೆ ಜ್ವರ ಬಂದರೆ ತಮ್ಮ ಬದಲಿ ಹೋಗುತ್ತಾನೆ. ಜ್ವರ ಬಿಟ್ಟ ಮೇಲೆ ತಮ್ಮ ಮನೆಗೆ ಬರುತ್ತಾನೆ. ಅಷ್ಟೇ.

"ಎಷ್ಟು ದಿನ ಅಂತ ಕೇಳ್ರಿ ಚಾಚಾ," ಅಂದೆ ನಾನು. "ವಿಜಯಪುರದ್ದು ಮುಂದಿನ ತಿಂಗಳೇ ಅದ."

"ಅರೇ, ಹಂಗ ಕೇಳಬಾರದೋ. ಅಲ್ಲಿ ಒಬ್ಬಾಂವ ಕೈ ಮುರ್ಕೊಂಡು ಮಲಗ್ಯಾನ, ನಾವು ನಮ್ಮಾಂವನ್ನ ಯಾವಾಗ ಕಳಸ್ತೀರಿ ಅಂತ ಕೇಳೂದಾ? ಇನ್ಸಾನಿಯತ್ ಅನ್ನೂದು ಅದನೋ ಇಲ್ಲೋ?"

ಆ ಕಡೆಯಿಂದ ಮ್ಯಾನೇಜರ್ ನಮ್ಮ ಕ್ಲಬ್ಬಿಗೆ ಒಂದು ಒಳ್ಳೆಯ ಸೈಕಲ್ ಕಳಿಸುತ್ತೇನೆ ಎಂದರು. ಚಾಚಾ ಕರಗಿಹೋದರು. ಕೈ ಮುರಿದ ಹುಡುಗನಿಗೆ ಹಾಲಿನಲ್ಲಿ ಅರಿಶಿನ ಹಾಕಿ ಕೊಡಿ ಎಂದು ಬೇರೆ ಹೇಳಿದರು.

ಆಮೇಲೆ ಅವರ ಮೊಬೈಲಿಗೆ ಒಂದು ಓಟಿಪಿ ಬಂತು. ಕ್ಲಬ್ಬಿನ ನೋಂದಣಿ ಅವರ ನಂಬರಿನಲ್ಲಿತ್ತು. ಅದನ್ನು ಓದಿ ಹೇಳಿದರೆ ಹುಡುಗನ ಹೆಸರು ತಮ್ಮ ತಂಡಕ್ಕೆ ಹತ್ತುತ್ತದೆ ಎಂದರು ಮ್ಯಾನೇಜರ್. ಒಂದು ರೇಸಿಗಾದರೂ ಹೆಸರು ಹತ್ತಬೇಕಲ್ಲ ಎಂದುಕೊಂಡೆವು.

"ನನ್ನ ಚಶ್ಮಾ ಮನ್ಯಾಗ ಉಳ್ದದ. ಲೇ, ನೀನೇ ಓದೋ," ಎಂದು ಚಾಚಾ ಫೋನನ್ನು ಹುಲಸೂರಿನವನ ಕೈಗೆ ಕೊಟ್ಟರು. ಅವನು ಎಣ್ಣೆ ಕೈಯನ್ನು ಚಡ್ಡಿಗೆ ಒರೆಸಿಕೊಂಡ. ಒಂದೊಂದೇ ಅಂಕಿಯನ್ನು ಮರಾಠಿಯಲ್ಲಿ ಓದಿ ಹೇಳಿದ. ನಾವು ಚಹಾಕ್ಕೆ ಹೇಳಿದೆವು.

ಎರಡು ದಿನ ಬಿಟ್ಟು ಬಂಗ್ಲಾ ಕ್ರಾಸಿನಲ್ಲಿ ಅವನನ್ನು ಬಸ್ಸು ಹತ್ತಿಸಲು ಹೋದೆ. ಬ್ಯಾಗಿನ ಜೊತೆ ದೊಡ್ಡ ಗಂಟೊಂದಿತ್ತು. ಗಾದಿ, ರಗ್ಗು, ಒಂದು ಕುಕ್ಕರ್.

"ಏನ್ಲೇ, ರೇಸಿಗಿ ಹೊಂಟೀಯೋ, ಅತ್ತಿ ಮನಿಗಿ ಹೊಂಟೀಯೋ?" ಅಂದೆ.

"ಅವ್ವ ಕಟ್ಟಿ ಕೊಟ್ಟಾಳ."

"ವಿಜಯಪುರಕ್ಕ ಬರ್ತೀ ಹೌದಿಲ್ಲೋ?"

"ನೋಡೂನು," ಅಂದ. ಬಸ್ಸು ಬಂತು. ಕುಕ್ಕರಿನ ಮುಚ್ಚಳ ಬಿದ್ದಿತು, ಎತ್ತಿ ಕಿಟಕಿಯಿಂದ ಕೊಟ್ಟೆ.

ಮಾತಿನಂತೆ ಸೈಕಲ್ ಬಂತು. ಟ್ರಾನ್ಸ್‌ಪೋರ್ಟ್ ಲಾರಿಯಲ್ಲಿ ರಟ್ಟಿನ ಪೆಟ್ಟಿಗೆ. ನಾಲ್ಕೂ ಕಡೆಯಿಂದ ಹೊಳೆಯುವ ಕಾರ್ಬನ್ ಸೈಕಲ್, ಒಂದು ಬೆರಳಿನಲ್ಲಿ ಎತ್ತಬಹುದು. ಚಾಚಾ ಮೂರು ಸಲ ಎತ್ತಿ ನೋಡಿದರು. ಬೀದಿಯವರೆಲ್ಲ ಬಂದು ಎತ್ತಿ ನೋಡಿದರು. ಆದರೆ ಅದು ಆ ಕೈ ಮುರಿದ ಹುಡುಗನ ಸೈಕಲ್ಲಂತೆ, ಅವನು ತಾಳೆ ಮರದ ಹಾಗೆ ಎತ್ತರವಂತೆ. ನಮ್ಮ ಮೂವರಲ್ಲಿ ಯಾರ ಕಾಲೂ ಪೆಡಲಿಗೆ ಸರಿಯಾಗಿ ಮುಟ್ಟಲಿಲ್ಲ.

"ಹುಲಸೂರಾಂವ ಬರ್ಲಿ, ಅಂವಗ ಬರೋಬರಿ ಆಗ್ತದ," ಎಂದು ಚಾಚಾ ಅದನ್ನು ಮೊಳೆಗೆ ತೂಗುಹಾಕಿದರು.

ಸ್ಪರ್ಧೆ ಹತ್ತಿರ ಬಂತು. ಹುಲಸೂರಿನವನು ಬರಲಿಲ್ಲ. ನನ್ನ ಫೋನ್ ಎತ್ತುತ್ತಿರಲಿಲ್ಲ. ಚಿಟಗುಪ್ಪದವನು ಅಪ್ಪನ ಹತ್ತಿರ ಜಗಳ ಮಾಡಿ ರಜೆ ಹಾಕಿದ್ದ. ಹಳ್ಳಿಖೇಡದವನು ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿಗೆ ಬೇರೆ ಡ್ರೈವರನನ್ನು ಕೂಡಿಸಿ ಬಂದಿದ್ದ. ಕೊನೆಗೆ ಚಾಚಾ ನಮ್ಮ ಎದುರಿಗೇ ಮ್ಯಾನೇಜರಿಗೆ ಫೋನ್ ಹಚ್ಚಿದರು.

"ಸಾಬ್, ನಮ್ಮ ಹುಡುಗನ್ನ ಕಳಸ್ರಿ. ನಿಮ್ಮಾಂವನ ಕೈ ಹ್ಯಾಂಗದ ಈಗ?"

"ಕಸಾ ಪಾಠವೂ ಚಾಚಾ? ತ್ಯಾಚೀ ಬದಲೀ ಝಾಲೀ ನಾ!"

"ಹ್ಯಾಂಗ ಕಳಸ್ಲಿ ಅಂದ್ರ? ಹೌದ್ರಿ, ಬದಲಿ ಆತು. ಈಗ ವಾಪಸ್ ಕಳಸ್ರಿ ಅಂತೀನಿ."

ಆಮೇಲೆ ಮ್ಯಾನೇಜರ್ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅವರ ಮರಾಠಿಯಲ್ಲಿ ಬದಲಿ ಅಂದರೆ ಟ್ರಾನ್ಸ್‌ಫರ್. ಇಡೀ ಸೀಸನ್ನಿಗೆ ಅವನು ಅವರ ತಂಡದವನು. ನಮ್ಮ ಕ್ಲಬ್ಬಿನ ಹೆಸರಿನಲ್ಲಿ ಎಲ್ಲೂ ಓಡುವಂತಿಲ್ಲ. ಆ ಓಟಿಪಿ ಅದಕ್ಕೇ.

ಚಾಚಾ ಸ್ಟೂಲಿನ ಮೇಲೆ ಕೂತರು. "ಪೊಲೀಸಂದು ಬದಲಿ ಆಗ್ತದ. ಮಾಸ್ತರಂದು ಬದಲಿ ಆಗ್ತದ. ಸೈಕಲ್ ಹೊಡಿಯೂ ಹುಡುಗಂದು ಬದಲಿ ಆಗ್ತದಂತ ಯಾರಿಗ್ರಿ ಗೊತ್ತು?"

ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಬೈದಿದ್ದರೆ ನಾವೂ ಬೈಯಬಹುದಿತ್ತು. ಅವರು ತಮ್ಮ ಕಷ್ಟ ಹೇಳಿದರು. ಮಾಲೀಕರು ಕೊಡುವುದು ಇಷ್ಟೇ. ಅದರಲ್ಲಿ ತಮ್ಮ ರಾಜ್ಯದ ಹುಡುಗರನ್ನು ಮೊದಲು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅಲ್ಲಿನ ಜನ ಕೇಳುತ್ತಾರೆ. ಹೊರಗಿನವನಿಗೆ ಒಂದೇ ಜಾಗ. ಉತ್ತರದ ಕಡೆಯ ಹುಡುಗರು ಸಾಲಾಗಿ ನಿಂತಿದ್ದರೂ ಆ ಒಂದು ಜಾಗ ನಿಮ್ಮವನಿಗೆ ಕೊಟ್ಟೆ. ಈಗ ಬಿಟ್ಟರೆ ಅವನಿಗೆ ಅದು ಮತ್ತೆ ಸಿಗುವುದಿಲ್ಲ. ಬಿಡಲಾ, ನೀವೇ ಹೇಳಿ ಎಂದರು.

ಚಾಚಾ ನಮ್ಮ ಮುಖ ನೋಡಿದರು. ಹಳ್ಳಿಖೇಡದವನು ನೆಲ ನೋಡುತ್ತಿದ್ದ. ಬಿಡಿ ಅನ್ನಲು ನನ್ನ ಬಾಯಿ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ.

"ಅಲ್ಲೇ ಇರ್ಲಿ ಬಿಡ್ರಿ," ಅಂದರು ಚಾಚಾ. ಫೋನ್ ಇಟ್ಟರು.

ಆ ಸಂಜೆ ಅವನೇ ನನಗೆ ಫೋನ್ ಮಾಡಿದ. ನಾನು ಹಲೋ ಅನ್ನಲಿಲ್ಲ.

"ನಿನಗ ಗೊತ್ತಿತ್ತಾ?" ಅಂದೆ.

"ಮನ್ಯಾಗ ಅವ್ವನ ಜೋಡಿ ಮರಾಠಿನೇ ಮಾತಾಡ್ತೀನಿ. ನಂಗ ತಿಳಿಯೂದಿಲ್ಲೇನು?"

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಬಿಡ್ತಿದ್ದೇನು?"

ಬಿಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಟೈರಿನ ಅಂಗಡಿಯ ಮುಂದೆ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ಗಿರಾಕಿ ಬಂದಾನ ಎಂದು ಹೇಳಿ ಇಟ್ಟುಬಿಟ್ಟೆ.

ನಾಲ್ಕನೆಯವನಿಗಾಗಿ ಹುಡುಕಿದೆವು. ಒಬ್ಬ ಸಿಕ್ಕ, ಎತ್ತರವೂ ಇದ್ದ, ಮೊಳೆಗೆ ತೂಗುಹಾಕಿದ ಸೈಕಲ್ ಅವನಿಗೆ ಸರಿಯಾಗುತ್ತಿತ್ತು. ಆದರೆ ಹೆಸರು ಕೊಡುವ ದಿನ ಮುಗಿದಿತ್ತು. ಚಾಚಾ ಸ್ಪರ್ಧೆಯವರಿಗೆ ಫೋನ್ ಮಾಡಿ ಕೇಳಿಕೊಂಡರು. ಮೂರು ಜನ ಬರ್ತಾರ್ರಿ, ನಾಲ್ಕು ಮಂದಿಯಷ್ಟು ತುಳೀತಾರ ಎಂದರು. ಅವರು ನಗಲಿಲ್ಲ. ನಿಯಮ ಅಂದರು.

ವಿಜಯಪುರದಲ್ಲಿ ರೇಸ್ ನಡೆದ ದಿನ ನಾವು ಮೂವರೂ ಯಾರೋ ಹೇಳಿ ಕಳಿಸಿದ್ದಾರೇನೋ ಎಂಬಂತೆ ಬಂಗ್ಲಾ ಕ್ರಾಸಿಗೆ ಬಂದೆವು. ಯಾರೂ ಯಾರನ್ನೂ ಕರೆದಿರಲಿಲ್ಲ. ಹುಮನಾಬಾದಿನ ಕಡೆ ಹೊರಟೆವು. ಚಿಟಗುಪ್ಪದವನು ಮುಂದೆ ತುಳಿದು ಪಕ್ಕಕ್ಕೆ ಸರಿದ. ಹಳ್ಳಿಖೇಡದವನು ಬಂದ, ಸರಿದ. ನಾನು ಮುಂದೆ ಬಂದು ತುಳಿದೆ. ನನ್ನ ಸರದಿ ಮುಗಿದಾಗ ರೂಢಿಯಂತೆ ಮೊಣಕೈ ಆಡಿಸಿ ಪಕ್ಕಕ್ಕೆ ಸರಿದೆ. ನನ್ನ ನಂತರ ಯಾವಾಗಲೂ ಹುಲಸೂರಿನವನ ಸರದಿ. ಯಾರೂ ಬರಲಿಲ್ಲ. ಮೂವರೂ ಅಡ್ಡಡ್ಡ ಸಾಲಾಗಿ, ಎದುರುಗಾಳಿಗೆ ಮುಖ ಕೊಟ್ಟು ಸ್ವಲ್ಪ ದೂರ ಹಾಗೇ ಹೋದೆವು. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರಿನವನು ಬಂದು ಕೂಗಿದ:

"ಏ, ರೋಡ್ ನಿಮ್ಮಪ್ಪಂದೇನ್ರೋ? ಬಾಜೂ ಸರೀರಿ!"

ಸರಿದೆವು. ಅವನ ಟ್ರಾಲಿಯ ಹಿಂದೆ ನೆರಳಿತ್ತು. ಹುಮನಾಬಾದಿನ ತನಕ ಅದರ ಹಿಂದೆಯೇ ಹೋದೆವು. ರೇಸಿನ ವೇಗವಲ್ಲ, ಕಬ್ಬಿನ ವೇಗ.

ಆಮೇಲೆ ಒಂದು ದಿನ ಮೊಬೈಲಿನಲ್ಲಿ ಅವನ ಹೊಸ ತಂಡದ ರೇಸ್ ನೋಡಿದೆ. ಹೊಸ ಅಂಗಿ ಹಾಕಿದ್ದ. ಕಾಲಿನಿಂದಲೇ ಗುರುತು ಸಿಕ್ಕಿತು. ರೇಸ್ ಉದ್ದಕ್ಕೂ ಅವನೇ ಮುಂದೆ. ನನಗೆ ಖುಷಿಯಾಯಿತು. ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸಿದೆ. ಗೆರೆ ಹತ್ತಿರ ಬಂದಾಗ ಅವನು ಪಕ್ಕಕ್ಕೆ ಸರಿದ. ಅವನ ಹಿಂದೆ ಅಂಟಿಕೊಂಡು ಬಂದಿದ್ದ ಅವರ ರಾಜ್ಯದ ಹುಡುಗ ಹಾರಿ ಗೆದ್ದ. ನಮ್ಮವನು ಎಲ್ಲೋ ಹಿಂದೆ ಬಂದ.

ಈ ಸಲ ನಾನೇ ಫೋನ್ ಮಾಡಿದೆ. ತಕ್ಷಣ ಎತ್ತಿದ.

"ನೋಡಿದೇನು?" ಅಂದ.

"ನೋಡ್ದೆ. ಬಾಜೂ ಯಾಕ ಸರಿದಿ?"

"ನನ್ನ ಕೆಲಸಾನೇ ಅದು. ಗೆಲ್ಲೂದು ಅವರ ಹುಡುಗರು. ನಾ ನೆರಳು ಕೊಡಾಕತ್ತೇನಿ, ನಿನ್ನಂಗ." ಆಮೇಲೆ ಕೇಳಿದ, "ನಿನಗ ಬ್ಯಾಸರ ಆಗ್ತಿರಲಿಲ್ಲೇನೋ?"

"ನಮ್ಮಾಂವ ಗೆಲ್ತಿದ್ದ," ಅಂದೆ.

ವಾಪಸ್ ಬಾ ಅನ್ನಬೇಕೆನಿಸಿತು. ಬಂದರೆ ಅವನಿಗೆ ಕೊಡಲು ನಮ್ಮ ಹತ್ತಿರ ಏನಿತ್ತು? ಅಲ್ಲಿ ತಿಂಗಳಾದರೆ ಸಂಬಳ ಬರುತ್ತಿತ್ತು, ಹುಲಸೂರಿನಲ್ಲಿ ಅವನ ಅವ್ವ ಮನೆಗೆ ಸಿಮೆಂಟು ಹಾಕಿಸುತ್ತಿದ್ದಳು. ಊಟ ಆಯಿತೇ ಎಂದು ಕೇಳಿದೆ. ಆಯಿತು ಅಂದ.

ಈಗ ನಾನು ರಜೆಯ ದಿನ ಬಸವಕಲ್ಯಾಣಕ್ಕೆ ಹೋಗಿ ಚಾಚಾನ ಅಂಗಡಿಯಲ್ಲಿ ಕೂರುತ್ತೇನೆ. ಪೊಲೀಸರದ್ದು ಮತ್ತೆ ಸ್ವಂತ ಜಿಲ್ಲೆಗೆ ಬದಲಿ ಆಗುತ್ತದಲ್ಲ, ಹಾಗೆ ಇದರಲ್ಲೂ ಇದೆಯಾ ಎಂದು ಅವರು ಆಗಾಗ ಕೇಳುತ್ತಾರೆ. ಸೀಸನ್ ಮುಗಿಯಲಿ ನೋಡೋಣ ಎನ್ನುತ್ತೇನೆ. ಸೀಸನ್ ಒಂದು ಸಲ ಮುಗಿದು ಇನ್ನೊಂದು ಶುರುವಾಗಿದೆ. ಎತ್ತರದ ಹೊಸ ಹುಡುಗನೂ ಮುಂಬೈಗೆ ಕೆಲಸಕ್ಕೆ ಹೋದ. ಕಾರ್ಬನ್ ಸೈಕಲ್ ಮೊಳೆಯಲ್ಲೇ ಇದೆ. ಮಾರಿದರೆ ಒಂದು ವರ್ಷದ ಖರ್ಚು ಬರುತ್ತದೆ, ಆದರೆ ಅದು ಅವನ ಬದಲಿಗೆ ಬಂದದ್ದು ಎಂದು ಚಾಚಾ ಮಾರಲು ಬಿಡುವುದಿಲ್ಲ.

ಮೊನ್ನೆ ಅದನ್ನು ಕೆಳಗೆ ಇಳಿಸಿ ಧೂಳು ಒರೆಸಿದೆ. ಗೋಡೆ ಹಿಡಿದು ಹತ್ತಿ ಕೂತೆ. ತುದಿಗಾಲು ಪೆಡಲಿನ ಮೇಲೆ ಜಾರಿತು.

"ಸೀಟ್ ಕೆಳಗ ಇಳ್ಸೋ," ಅಂದರು ಚಾಚಾ ಒಳಗಿನಿಂದ.

"ಇಳ್ಸೀನಿ ಚಾಚಾ. ಇದಕ್ಕಿಂತ ಕೆಳಗ ಹೋಗೂದಿಲ್ಲ."